ಎತ್ತರ ಕಡಿಮೆ ಇರುವ ಗಂಡಸರಿಗೆ ಶರ್ಟು, ಪ್ಯಾಂಟು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಕತ್ತರಿಸಬಹುದು

ಐದಡಿ ಎರಡು, ಮೂರು, ನಾಲ್ಕು ಇಂಚಿನ ಗಂಡಸರು ರೆಡಿಮೇಡ್ ಪ್ಯಾಂಟು ಕೊಂಡರೆ ಬಿಲ್ಲಿನ ಜೊತೆಗೇ ಆಲ್ಟರೇಷನ್ ಚೀಟಿಯೂ ಕೈಗೆ ಬರುತ್ತದೆ. ಕೆಳಗೆ ನಾಲ್ಕು ಇಂಚು ಕತ್ತರಿಸಿ ಮಡಿಸಿ ಕೊಡುತ್ತಾರೆ. ಉದ್ದವೇನೋ ಸರಿಹೋಗುತ್ತದೆ, ಆದರೂ ಪ್ಯಾಂಟು ಅಣ್ಣನದ್ದನ್ನು ಹಾಕಿಕೊಂಡ ಹಾಗೇ ಕಾಣುತ್ತದೆ. ಮಂಡಿ ಎಲ್ಲಿ ಬರಬೇಕು, ಜೇಬು ಎಲ್ಲಿರಬೇಕು, ಸೊಂಟ ಎಲ್ಲಿ ಸಣ್ಣಗಾಗಬೇಕು ಎಂಬುದನ್ನೆಲ್ಲ ಕಂಪನಿಗಳು ಇನ್ನೂ ಎತ್ತರದ ಆಳನ್ನು ಲೆಕ್ಕಕ್ಕಿಟ್ಟುಕೊಂಡು ನಿಗದಿ ಮಾಡಿರುತ್ತವೆ. ಸೈಜು ಚಿಕ್ಕದಾದಂತೆ ಸುತ್ತಳತೆ ಇಳಿಯುತ್ತದೆ, ಆದರೆ ಈ ಜಾಗಗಳು ಅಷ್ಟಾಗಿ ಮೇಲಕ್ಕೆ ಸರಿಯುವುದಿಲ್ಲ. ಹಾಗಾಗಿ ಟೈಲರ್ ಕೈಯಲ್ಲಿ ಸರಿಹೋಗದ್ದನ್ನು ಅಂಗಡಿಯಲ್ಲೇ ನೋಡಿ ಆರಿಸಬೇಕು, ಸರಿಹೋಗುವುದನ್ನು ಸರಿಯಾದ ಕ್ರಮದಲ್ಲಿ ಮಾಡಿಸಬೇಕು.

ಅಳತೆ

ಬಟ್ಟೆಯ ಟೇಪು ಸಾಕು, ಇನ್ನೊಬ್ಬರ ಸಹಾಯ ಬೇಕು. ತಮ್ಮ ಅಳತೆ ತಾವೇ ತೆಗೆಯಲು ಬಗ್ಗಿದರೆ ಒಂದಿಂಚಾದರೂ ತಪ್ಪುತ್ತದೆ. ಬರೆದಿಟ್ಟುಕೊಳ್ಳಬೇಕಾದವು ಇವು.

ಭುಜ: ಬೆನ್ನ ಹಿಂದಿನಿಂದ, ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ.
ತೋಳು: ಭುಜದ ಮೂಳೆಯಿಂದ ಮಣಿಕಟ್ಟಿನ ಮೂಳೆಗೆ, ಕೈ ಸ್ವಲ್ಪ ಮಡಚಿ.
ಶರ್ಟಿನ ಉದ್ದ: ಕತ್ತಿನ ಹಿಂದೆ ಉಬ್ಬಿರುವ ಮೂಳೆಯಿಂದ ಕೆಳಕ್ಕೆ.
ಒಳಗಾಲು: ತೊಡೆಸಂದಿನಿಂದ ಪಾದದ ಗಂಟಿನ ಸ್ವಲ್ಪ ಕೆಳಗಿನವರೆಗೆ.
ರೈಸ್: ಪ್ಯಾಂಟಿನಲ್ಲಿ ತೊಡೆಸಂದಿನ ಹೊಲಿಗೆಯಿಂದ ಮುಂದಿನ ಸೊಂಟಪಟ್ಟಿಯ ಮೇಲಂಚಿಗೆ.
ಎದೆ, ಸೊಂಟ, ಸೀಟು (ಪೃಷ್ಠದ ಭಾಗ), ತೊಡೆ: ಸುತ್ತಳತೆ, ಟೇಪಿನೊಳಗೆ ಒಂದು ಬೆರಳು ಆಡುವಷ್ಟು ಸಡಿಲ.

ಐದಡಿ ಮೂರಿಂಚಿನ, ಅಂದರೆ 160 ಸೆಂ.ಮೀ. ಎತ್ತರದ ಸಾಧಾರಣ ಮೈಕಟ್ಟಿನವರಿಗೆ ತೋಳು 22 ಇಂಚಿನ ಆಸುಪಾಸು, ಒಳಗಾಲು 27, ಹೊರಗೆ ಬಿಡುವ ಶರ್ಟಿನ ಉದ್ದ 26 ಬರುತ್ತದೆ. ಅಂಗಡಿಯ ಶರ್ಟು ಸಾಮಾನ್ಯವಾಗಿ 29ರಿಂದ 30 ಇಂಚು ಉದ್ದ, ಜೀನ್ಸಿನ ಒಳಗಾಲು 32. ಎಷ್ಟು ಕತ್ತರಿಸಬೇಕಾಗುತ್ತದೆ ಎಂಬುದು ಇಲ್ಲೇ ತಿಳಿಯಿತು.

ಮೈಯ ಅಳತೆಗಿಂತಲೂ ಉಪಯೋಗಕ್ಕೆ ಬರುವುದು ನಿಮ್ಮ ಬಳಿ ಈಗಾಗಲೇ ಚೆನ್ನಾಗಿ ಕೂರುವ ಒಂದು ಶರ್ಟು, ಒಂದು ಪ್ಯಾಂಟಿನ ಅಳತೆ. ಅವನ್ನು ಹಾಸಿಗೆಯ ಮೇಲೆ ಸಮತಟ್ಟಾಗಿ ಹರಡಿ ಅಳೆಯಿರಿ. ಆನ್‌ಲೈನ್ ಅಂಗಡಿಯ ಸೈಜ್ ಚಾರ್ಟಿನಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ, ಮೈಯದ್ದು ಮತ್ತು ಬಟ್ಟೆಯದ್ದು. ಹೋಲಿಸಬೇಕಾದದ್ದು ಬಟ್ಟೆಯ ಅಳತೆಯನ್ನು ಬಟ್ಟೆಯ ಅಳತೆಯ ಜೊತೆಗೇ.

ಅಂಗಡಿಯಲ್ಲಿ

ಶರ್ಟಿನಲ್ಲಿ ಮೊದಲು ಭುಜ ನೋಡಿ. ತೋಳು ಕೂಡಿಸಿದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂರಬೇಕು. ಒಂದೊಂದು ಬದಿಯಲ್ಲಿ ಅರ್ಧ ಇಂಚು ಜಾರಿದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಬಿಟ್ಟುಬಿಡಿ. ಭುಜ ಚಿಕ್ಕದು ಮಾಡಲು ತೋಳು ಪೂರ್ತಿ ಬಿಚ್ಚಿ, ಕಂಕುಳದ ಸುತ್ತನ್ನು ಮತ್ತೆ ಕತ್ತರಿಸಿ, ತೋಳನ್ನು ಹೊಸದಾಗಿ ಕೂಡಿಸಬೇಕು. ಅಷ್ಟು ಕೆಲಸವನ್ನು ಆಲ್ಟರೇಷನ್ ಅಂಗಡಿಗಳು ಒಪ್ಪುವುದೇ ಅಪರೂಪ, ಒಪ್ಪಿದರೂ ಭುಜದ ಮೇಲೆ ಸುಕ್ಕು ಬೀಳುತ್ತದೆ.

ಎರಡನೆಯದು ಕಂಕುಳು. ಎಲ್ಲ ಗುಂಡಿ ಹಾಕಿ ಎರಡೂ ಕೈ ಮೇಲೆತ್ತಿ. ಶರ್ಟಿನ ಅಂಚು ಎರಡು ಇಂಚಿಗಿಂತ ಹೆಚ್ಚು ಮೇಲೆದ್ದರೆ ಕಂಕುಳ ಸುತ್ತು ನಿಮಗೆ ಬಹಳ ಕೆಳಗಿದೆ ಎಂದರ್ಥ. ಅದನ್ನು ಮೇಲಕ್ಕೇರಿಸಲು ಬಟ್ಟೆಯೇ ಇರುವುದಿಲ್ಲ, ಟೈಲರ್ ಏನೂ ಮಾಡಲಾರರು. ‘ಸ್ಲಿಮ್ ಫಿಟ್’ ಶರ್ಟುಗಳಲ್ಲಿ ಈ ಸುತ್ತು ಚಿಕ್ಕದಿರುತ್ತದೆ. ಮೈ ತುಂಬಿದವರೂ ಒಂದು ಸೈಜು ದೊಡ್ಡ ಸ್ಲಿಮ್ ಫಿಟ್ ಹಾಕಿ ನೋಡಬಹುದು, ಎಷ್ಟೋ ಸಲ ರೆಗ್ಯುಲರ್‌ಗಿಂತ ಅದೇ ಚೆನ್ನಾಗಿ ಕೂರುತ್ತದೆ.

ಪ್ಯಾಂಟಿನಲ್ಲಿ ಬದಲಾಯಿಸಲಾಗದ್ದು ರೈಸ್ ಮತ್ತು ಹಿಂದಿನ ಜೇಬು. ತೊಡೆಸಂದು ಕೆಳಗೆ ಜೋತುಬಿದ್ದರೆ ಕಾಲು ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಹಾಗೆಂದು ತೀರಾ ಲೋ-ವೇಸ್ಟ್ ತೆಗೆದುಕೊಂಡರೆ ಸೊಂಟವೇ ಕೆಳಗಿಳಿದು ಅದೇ ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ. ಮಿಡ್-ರೈಸ್ ಇರಲಿ, ಸೊಂಟಪಟ್ಟಿ ಹೊಕ್ಕುಳಿನಿಂದ ಎರಡು ಮೂರು ಬೆರಳು ಕೆಳಗೆ ಕೂರಲಿ. ಹಿಂದಿನ ಜೇಬಿನ ತಳ ಸೀಟು ಮುಗಿಯುವ ಗೆರೆಯನ್ನು ದಾಟಬಾರದು.

ಬಹಳ ಜನ ಗಮನಿಸದ ಒಂದು ದಾರಿಯಿದೆ. ‘ಆಂಕಲ್ ಲೆಂತ್’ ಅಥವಾ ‘ಕ್ರಾಪ್ಡ್’ ಎಂದು ಮಾರುವ ಪ್ಯಾಂಟುಗಳ ಒಳಗಾಲು ಸಾಮಾನ್ಯವಾಗಿ 27–28 ಇಂಚು. ಎತ್ತರದವರಿಗೆ ಗಂಟಿನ ಮೇಲೆ ನಿಲ್ಲುವ ಅದೇ ಪ್ಯಾಂಟು ನಿಮಗೆ ಪೂರ್ತಿ ಉದ್ದದ ಪ್ಯಾಂಟು. ಕಾಲು ಕೆಳಗೆ ಕಿರಿದಾಗುವ ಕ್ರಮವೂ ಆ ಉದ್ದಕ್ಕೇ ಹೊಂದಿಸಿರುವುದರಿಂದ ಕತ್ತರಿ ಮುಟ್ಟಿಸದೆ ಹಾಕಿಕೊಳ್ಳಬಹುದು. ಮೊದಲು ಹುಡುಕಬೇಕಾದದ್ದು ಇದನ್ನೇ.

ಹುಡುಗರ ವಿಭಾಗದ 15–16 ವಯಸ್ಸಿನ ಸೈಜು ತೆಳ್ಳಗಿರುವವರಿಗೆ ಮಾತ್ರ ಆಗುತ್ತದೆ. ಟೀ-ಶರ್ಟು, ಸ್ವೆಟರ್, ಜಾಕೆಟ್ ಅಲ್ಲಿ ಚೆನ್ನಾಗಿ ಸಿಗುತ್ತವೆ. ಫಾರ್ಮಲ್ ಶರ್ಟಿನಲ್ಲಿ ಕಾಲರು ಸಣ್ಣದು, ಎದೆ ಬಿಗಿ.

ಶರ್ಟು: ಎಷ್ಟರವರೆಗೆ ಕತ್ತರಿಸಬಹುದು

ಹೊರಗೆ ಬಿಡುವ ಶರ್ಟು ಪ್ಯಾಂಟಿನ ಜಿಪ್ಪಿನ ನಡುಭಾಗಕ್ಕೆ ಮುಗಿದರೆ ಸರಿ. ಜಿಪ್ಪು ಪೂರ್ತಿ ಮುಚ್ಚಿಹೋದರೆ ಕಾಲು ಗಿಡ್ಡವಾಗಿ ಕಾಣುತ್ತದೆ. ಒಳಗೆ ತುರುಕುವ ಶರ್ಟನ್ನು ಇಷ್ಟು ಕತ್ತರಿಸಬೇಡಿ. ಕೂತೆದ್ದಾಗ ಹೊರಬರದಿರಲು 28 ಇಂಚಾದರೂ ಬೇಕು.

ಕೆಳಗಿನಿಂದ ಕತ್ತರಿಸುವಾಗ ಅಡ್ಡ ಬರುವುದು ಕೊನೆಯ ಗುಂಡಿ. ಗುಂಡಿಗಳ ನಡುವಿನ ಅಂತರ ಸುಮಾರು ಮೂರೂವರೆ ಇಂಚು. ಕೊನೆಯ ಗುಂಡಿಗೂ ಹೊಸ ಅಂಚಿಗೂ ನಡುವೆ ಎರಡು ಇಂಚಾದರೂ ಉಳಿಯಬೇಕು. ಉಳಿಯದಿದ್ದರೆ ಆ ಗುಂಡಿ ಮತ್ತು ಅದರ ಕಾಜಾ ಎರಡೂ ಕತ್ತರಿಸಿದ ತುಂಡಿನ ಜೊತೆಗೇ ಹೋಗುವಂತೆ ಗೆರೆ ಎಳೆಯಿರಿ. ಕಾಜಾದ ನಡುವೆ ಮಡಿಕೆ ಬಂದರೆ ಅಂಚು ಉಬ್ಬಿಕೊಂಡು ಕೆಟ್ಟದಾಗಿ ಕಾಣುತ್ತದೆ. ಅಂಚು ಬಾಗಿದ ಶರ್ಟಾದರೆ ಹಳೆಯ ಬಾಗನ್ನೇ ಮೇಲೆ ಸರಿಸಿ ಗುರುತು ಹಾಕಲು ಹೇಳಿ. ನೇರ ಕತ್ತರಿಸಿಬಿಟ್ಟರೆ ಪಕ್ಕದ ಎತ್ತರ ಹೋಗಿ ಶರ್ಟು ಡಬ್ಬಿಯ ಆಕಾರಕ್ಕೆ ಬರುತ್ತದೆ. ಮಡಿಕೆ ಕಾಲು ಇಂಚು ಇರಲಿ. ಬಾಗಿದ ಅಂಚಿನಲ್ಲಿ ಅಗಲ ಮಡಿಕೆ ಸುರುಳಿಕೊಳ್ಳುತ್ತದೆ.

ತುಂಬುತೋಳು ಚಿಕ್ಕದು ಮಾಡುವುದು ಕಫ್ ಬಿಚ್ಚಿ. ಕಫ್ ತೆಗೆದು, ತೋಳು ಕತ್ತರಿಸಿ, ನೆರಿಗೆ ಮತ್ತೆ ಹಾಕಿ, ಅದೇ ಕಫ್ ಕೂಡಿಸುತ್ತಾರೆ. ಕಫ್ ಮೇಲಿನ ಸೀಳು ಐದಾರು ಇಂಚು ಇರುತ್ತದೆ, ಕತ್ತರಿಸಿದಷ್ಟೂ ಅದು ಕುಗ್ಗುತ್ತದೆ. ಎರಡು ಇಂಚು ದಾಟಿದರೆ ಸೀಳಿನ ಗುಂಡಿ ಕಫ್‌ಗೆ ತಾಗಿಕೊಂಡಂತಾಗಿ, ತೋಳು ಮಡಿಸಲು ಕಷ್ಟವಾಗುತ್ತದೆ. ಮೂರು ಇಂಚು ಕಡಿಮೆ ಮಾಡಬೇಕಾದ ಶರ್ಟನ್ನು ಅರ್ಧತೋಳು ಮಾಡಿಸಿಬಿಡುವುದೇ ಜಾಣತನ. ಅರ್ಧತೋಳು ಮೊಣಕೈಗಿಂತ ಎರಡೂವರೆ, ಮೂರು ಇಂಚು ಮೇಲೆ ಮುಗಿಯಲಿ. ತೋಳಿನ ಬಾಯಿಯಲ್ಲಿ ಎರಡು ಬೆರಳು ಆಡುವಷ್ಟೇ ಜಾಗವಿರಲಿ. ಮೊಣಕೈ ಮುಟ್ಟುವ ಅಗಲ ಬಾಯಿಯ ಅರ್ಧತೋಳು ಎತ್ತರ ಕಡಿಮೆಯವರಿಗೆ ಒಪ್ಪುವುದೇ ಇಲ್ಲ.

ಟೀ-ಶರ್ಟಿನ ಅಂಚನ್ನು ಮಾಮೂಲಿ ಹೊಲಿಗೆ ಯಂತ್ರದ ನೇರ ಹೊಲಿಗೆಯಲ್ಲಿ ಮಡಿಸಿದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ಟನೆ ಕಡಿಯುತ್ತದೆ. ಫ್ಲಾಟ್‌ಲಾಕ್ (ಹಿಗ್ಗುವ ಹೊಲಿಗೆ ಹಾಕುವ) ಯಂತ್ರ ಇರುವ ಕಡೆ ಕೊಡಿ, ಇಲ್ಲದಿದ್ದರೆ ಜಿಗ್‌ಜಾಗ್ ಹೊಲಿಗೆ ಹಾಕಿಸಿ.

ಪ್ಯಾಂಟು: ಉದ್ದ ಕೊನೆಗೆ

ಹತ್ತಿಯ ಪ್ಯಾಂಟನ್ನೂ ಜೀನ್ಸನ್ನೂ ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಟೈಲರ್ ಹತ್ತಿರ ಒಯ್ಯಿರಿ. ಮೊದಲ ಒಗೆತಗಳಲ್ಲಿ ಹತ್ತಿ ಬಟ್ಟೆ ನೂರಕ್ಕೆ ಎರಡು ಮೂರರಷ್ಟು ಕುಗ್ಗಬಹುದು. 27 ಇಂಚಿನ ಕಾಲಿನಲ್ಲಿ ಅದು ಅರ್ಧದಿಂದ ಮುಕ್ಕಾಲು ಇಂಚು. ಕೊಂಡ ದಿನವೇ ಅಂಗಡಿಯ ಆಲ್ಟರೇಷನ್‌ಗೆ ಕೊಟ್ಟ ಪ್ಯಾಂಟು ತಿಂಗಳಲ್ಲಿ ಗಿಡ್ಡವಾಗುವುದಕ್ಕೆ ಕಾರಣ ಇದೇ.

ಕೆಲಸದ ಕ್ರಮ: ಸೊಂಟ, ಸೀಟು, ತೊಡೆ, ಮಂಡಿಯಿಂದ ಕೆಳಗೆ, ಕೊನೆಗೆ ಉದ್ದ. ಸೊಂಟ ಬಿಗಿಯಾದರೆ ಪ್ಯಾಂಟು ಮೇಲೆ ಕೂರುತ್ತದೆ, ಉದ್ದದ ಲೆಕ್ಕ ಬದಲಾಗುತ್ತದೆ. ಸೊಂಟವನ್ನು ಹಿಂದಿನ ನಡು ಹೊಲಿಗೆಯಿಂದ ಒಂದೂವರೆ ಇಂಚಿನವರೆಗೆ ತೆಗೆಯಬಹುದು. ಅದಕ್ಕಿಂತ ಹೆಚ್ಚು ತೆಗೆದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಪಕ್ಕದ ಹೊಲಿಗೆ ಹಿಂದಕ್ಕೆ ಎಳೆಯುತ್ತದೆ.

ಮುಖ್ಯ ಕೆಲಸ ಇರುವುದು ಮಂಡಿಯಲ್ಲಿ. 32 ಇಂಚು ಒಳಗಾಲಿನ ಪ್ಯಾಂಟಿನಲ್ಲಿ ಮಂಡಿಯ ಜಾಗ ತೊಡೆಸಂದಿನಿಂದ ಸುಮಾರು 14 ಇಂಚು ಕೆಳಗಿರುತ್ತದೆ, ನಿಮ್ಮ ಮಂಡಿ ಹೆಚ್ಚುಕಡಿಮೆ 12ಕ್ಕೇ ಬರುತ್ತದೆ. ಜೊತೆಗೆ ಕೆಳಗಿನ ನಾಲ್ಕೈದು ಇಂಚು ಕತ್ತರಿಸಿದಾಗ ಹೋಗುವುದು ಅತ್ಯಂತ ಕಿರಿದಾದ ಭಾಗವೇ. 13 ಇಂಚು ಇದ್ದ ಬಾಟಮ್, ಅಂದರೆ ಪ್ಯಾಂಟಿನ ಕೆಳಬಾಯಿಯ ಸುತ್ತಳತೆ, 14ಕ್ಕೋ 15ಕ್ಕೋ ಏರಿ, ಕಾಲು ಕೊಳವೆಯಂತಾಗುತ್ತದೆ. ಹಾಗಾಗಿ ನಿಮ್ಮ ಮಂಡಿಗಿಂತ ಎರಡು ಇಂಚು ಮೇಲಿನಿಂದ ಶುರುಮಾಡಿ ಬಾಟಮ್‌ವರೆಗೆ ಕಿರಿದು ಮಾಡಿಸಿ. ತೆಳ್ಳಗಿರುವವರಿಗೆ ಬಾಟಮ್ ಸುತ್ತಳತೆ 13, ಮೀನಖಂಡ ದಪ್ಪಗಿರುವವರಿಗೆ 14. ಇದಕ್ಕಿಂತ ಬಿಗಿ ಮಾಡಿದರೆ ಕೂತೆದ್ದಾಗ ಪ್ಯಾಂಟು ಮೀನಖಂಡಕ್ಕೆ ಸಿಕ್ಕಿಕೊಂಡು ಕೆಳಗಿಳಿಯುವುದಿಲ್ಲ.

ಫಾರ್ಮಲ್ ಪ್ಯಾಂಟಿನಲ್ಲಿ ಒಳ ಹೊಲಿಗೆ, ಹೊರ ಹೊಲಿಗೆ ಎರಡರಿಂದಲೂ ಸಮನಾಗಿ ತೆಗೆಯಬೇಕು. ಒಂದೇ ಕಡೆ ತೆಗೆದರೆ ಇಸ್ತ್ರಿಯ ಗೆರೆ ಪಾದದ ನಡುವಿನಿಂದ ಪಕ್ಕಕ್ಕೆ ತಿರುಗುತ್ತದೆ. ಜೀನ್ಸಿನಲ್ಲಿ ಮೇಲೆ ಎರಡು ಸಾಲು ದಪ್ಪ ದಾರ ಓಡಿರುವ ಹೊಲಿಗೆಯನ್ನು ಮುಟ್ಟದೆ ಸಾದಾ ಇರುವ ಬದಿಯಿಂದ ಮಾತ್ರ ತೆಗೆಯುತ್ತಾರೆ. ಒಟ್ಟು ಒಂದಿಂಚಿನವರೆಗೆ ಅಡ್ಡಿಯಿಲ್ಲ, ಮೀರಿದರೆ ಕಾಲು ತಿರುಚಿಕೊಳ್ಳುತ್ತದೆ.

ಉದ್ದ ಗುರುತಿಸುವಾಗ ಹಾಕುವ ಬೂಟನ್ನೇ ಹಾಕಿ, ಬೆಲ್ಟು ಕಟ್ಟಿ, ನೇರ ನಿಂತು ಎದುರಿಗೆ ನೋಡಿ. ಕೆಳಗೆ ನೋಡಿದರೆ ಸೊಂಟ ಬಾಗಿ ಪ್ಯಾಂಟು ಇಳಿಯುತ್ತದೆ. ಮುಂದೆ ಬೂಟಿಗೆ ಸ್ವಲ್ಪವೇ ತಾಗಲಿ, ಹಿಂದೆ ಕಾಲು ಇಂಚು ಉದ್ದ ಇರಲಿ. ಬೂಟಿನ ಮೇಲೆ ಬಟ್ಟೆ ಗುಡ್ಡೆ ಬೀಳಬಾರದು. ಫಾರ್ಮಲ್ ಪ್ಯಾಂಟಿಗೆ ಎರಡು ಇಂಚು ಬಟ್ಟೆ ಒಳಗೆ ಮಡಿಸಿ ಕೈಹೆಮ್ಮಿಂಗ್ ಮಾಡಿಸಿ. ಯಂತ್ರದ ಹೊಲಿಗೆ ಹೊರಗೆ ಗೆರೆಯಾಗಿ ಕಾಣುತ್ತದೆ.

ಜೀನ್ಸಿನ ಹಳೆಯ ಅಂಚು ಉಳಿಸಿಕೊಳ್ಳುವುದು

ಮಾಸಿದ ಬಣ್ಣದ, ದಪ್ಪ ದಾರದ ಮೂಲ ಅಂಚನ್ನು ಕತ್ತರಿಸಿ ಎಸೆದರೆ ಜೀನ್ಸಿನ ಅಂದವೇ ಹೋಗುತ್ತದೆ. ಅದನ್ನು ಉಳಿಸಿ ಉದ್ದ ಕಡಿಮೆ ಮಾಡಬಹುದು, ಮನೆಯ ಯಂತ್ರದಲ್ಲೂ ಸಾಧ್ಯ. 16ನೇ ನಂಬರಿನ ಸೂಜಿ ಹಾಕಿ.

1. ಎಷ್ಟು ಕಡಿಮೆಯಾಗಬೇಕು ಎಂದು ಗುರುತಿಸಿ. 4 ಇಂಚು ಎಂದಿಟ್ಟುಕೊಳ್ಳಿ.
2. ಕಾಲನ್ನು ಹೊರಕ್ಕೆ ಮಡಿಸಿ. ಮಡಿಕೆಯ ತುದಿಯಿಂದ ಮೂಲ ಅಂಚಿನ ಹೊಲಿಗೆ ಸಾಲಿನವರೆಗೆ ಅರ್ಧ, ಅಂದರೆ 2 ಇಂಚು ಇರಬೇಕು. ಅಂಚಿನ ಪಟ್ಟಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಸೇರಿಸಿದರೆ ಪ್ಯಾಂಟು ಉದ್ದ ಉಳಿಯುತ್ತದೆ.
3. ಸುತ್ತಲೂ ಗುಂಡುಸೂಜಿ ಚುಚ್ಚಿ, ಪಕ್ಕದ ಹೊಲಿಗೆಗಳನ್ನು ಒಂದರ ಮೇಲೊಂದು ಕೂರಿಸಿ.
4. ಮೂಲ ಅಂಚಿನ ಪಟ್ಟಿಗೆ ತಾಗಿಕೊಂಡು, ಪಟ್ಟಿಯ ಮೇಲೆ ಹತ್ತದಂತೆ, ಸುತ್ತಲೂ ಹೊಲಿಯಿರಿ. ಪಕ್ಕದ ದಪ್ಪ ಹೊಲಿಗೆ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ.
5. ಅಂಚನ್ನು ಕೆಳಗೆ ತಿರುಗಿಸಿ ಹಾಕಿ ನೋಡಿ. ಸರಿಯಿದ್ದರೆ ಒಳಗಿನ ಹೆಚ್ಚು ಬಟ್ಟೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ, ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಮಾಡಿಸಿ, ಇಸ್ತ್ರಿ ಹಾಕಿ.

ಕೆಳಗೆ ಕಿರಿದಾಗುವ ಜೀನ್ಸಿನಲ್ಲಿ ಮೇಲಿನ ಸುತ್ತು ಅಂಚಿನ ಸುತ್ತಿಗಿಂತ ದೊಡ್ಡದಿರುವುದರಿಂದ ಹೊಲಿಗೆಯಲ್ಲಿ ನೆರಿಗೆ ಬೀಳುತ್ತದೆ. ಮೊದಲು ಕಾಲು ಕಿರಿದು ಮಾಡಿಸಿ ಆಮೇಲೆ ಇದನ್ನು ಮಾಡಿದರೆ ಎರಡೂ ಸುತ್ತು ಹೊಂದಿಕೊಳ್ಳುತ್ತವೆ.

ಹೊಲಿಸುವುದು

ತುಂಬುತೋಳಿನ ಫಾರ್ಮಲ್ ಶರ್ಟನ್ನು ಕೊಂಡು ತೋಳು, ಉದ್ದ, ಪಕ್ಕ ಮೂರನ್ನೂ ಸರಿಮಾಡಿಸುವ ಬದಲು ಬಟ್ಟೆ ತಂದು ಹೊಲಿಸುವುದೇ ಮೇಲು. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ತುಂಬುತೋಳಿಗೆ 1.6 ಮೀಟರ್, ಪ್ಯಾಂಟಿಗೆ 1.2 ಮೀಟರ್ ಧಾರಾಳ. 36 ಇಂಚು ಪನ್ನವಾದರೆ ಶರ್ಟಿಗೆ 2.25 ಮೀಟರ್. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ಪೀಸು ಕೊಳ್ಳುವಾಗ ಪನ್ನ ಕೇಳಿಯೇ ಕತ್ತರಿಸಲು ಹೇಳಿ. ಟೈಲರ್‌ಗೆ ಹಳೆಯ ಶರ್ಟು ಕೊಟ್ಟು ‘ಇದೇ ಅಳತೆ’ ಎಂದರೆ ಅದರ ದೋಷಗಳೂ ಹಾಗೆಯೇ ಬರುತ್ತವೆ. ಬಾಯಿಬಿಟ್ಟು ಹೇಳಬೇಕಾದವು: ಕಂಕುಳ ಸುತ್ತು ಮೇಲಿರಲಿ, ಜೇಬು ಮಾಮೂಲಿಗಿಂತ ಮುಕ್ಕಾಲು ಇಂಚು ಮೇಲೆ ಮತ್ತು ಸ್ವಲ್ಪ ಚಿಕ್ಕದಾಗಿರಲಿ, ಪಕ್ಕದ ಹೊಲಿಗೆ ನನ್ನ ಸೊಂಟದ ಜಾಗಕ್ಕೆ ಒಳಬಾಗಲಿ. ಮದುವೆ ಸೀಸನ್ನಿನಲ್ಲಿ ಟ್ರಯಲ್‌ಗೆ ಸಮಯ ಕೊಡುವುದಿಲ್ಲ, ಒಂದು ತಿಂಗಳ ಮುಂಚೆ ಕೊಡಿ.

ಬ್ಲೇಜರ್, ಜುಬ್ಬ, ಪಂಚೆ

ಬ್ಲೇಜರಿನ ಉದ್ದ ಒಂದಿಂಚಿಗಿಂತ ಹೆಚ್ಚು ಕತ್ತರಿಸುವಂತಿಲ್ಲ, ಕೆಳಗಿನ ಜೇಬು ಅಂಚಿಗೆ ಬಂದುಬಿಡುತ್ತದೆ. ಲೇಬಲ್ಲಿನಲ್ಲಿ ಸೈಜಿನ ಮುಂದೆ ‘ಎಸ್’ ಇರುವ, ಅಂದರೆ 38 ಶಾರ್ಟ್ ಥರದ್ದನ್ನು ಕೇಳಿ. ವಿದೇಶದಲ್ಲಿರುವವರಿಗೆ ಇದು ಸುಲಭವಾಗಿ ಸಿಗುತ್ತದೆ. ತೋಳಿನ ತುದಿಯ ಗುಂಡಿಗಳು ನಿಜವಾಗಿ ತೆರೆಯುವಂಥವಾದರೆ ಅಲ್ಲಿಂದ ಚಿಕ್ಕದು ಮಾಡಲಾಗದು, ಭುಜದಿಂದ ಮಾಡಬೇಕು, ಅದು ದುಬಾರಿ. ಬರೀ ಅಲಂಕಾರಕ್ಕೆ ಹೊಲಿದ ಗುಂಡಿಗಳಿರುವುದನ್ನೇ ಆರಿಸಿ.

ಜುಬ್ಬ ಮಂಡಿಯ ಮೇಲಂಚಿಗೆ ನಿಲ್ಲಲಿ, 160 ಸೆಂ.ಮೀ. ಎತ್ತರಕ್ಕೆ 36 ಇಂಚು. ಕೆಳಗೆ ಕತ್ತರಿಸಿದಷ್ಟೇ ಪಕ್ಕದ ಸೀಳನ್ನೂ ಮೇಲಕ್ಕೆ ಬಿಚ್ಚಿಸಬೇಕು, ಇಲ್ಲದಿದ್ದರೆ ನಡೆಯುವಾಗ ತೊಡೆಗೆ ಬಿಗಿಯುತ್ತದೆ. ಅಂಚಿನಲ್ಲಿ ಕಸೂತಿ ಇರುವ ಜುಬ್ಬವನ್ನು ಉದ್ದವಿದ್ದರೆ ಕೊಳ್ಳಲೇಬೇಡಿ.

ಪಂಚೆಯಲ್ಲಿ ಅಂಚು ಕೆಳಗಿರುವುದರಿಂದ ಹೆಚ್ಚಿನ ಉದ್ದವನ್ನು ಮೇಲಿನಿಂದಲೇ ತೆಗೆಯಬೇಕು. ಉಡುವ ಮೊದಲು ಮೇಲಂಚನ್ನು ಬೇಕಾದಷ್ಟು ಇಂಚು ಒಳಕ್ಕೆ ಉದ್ದಕ್ಕೂ ಮಡಿಸಿ ಇಸ್ತ್ರಿ ಹಾಕಿ, ಆಮೇಲೆ ಸುತ್ತಿ. ಉಟ್ಟ ಮೇಲೆ ಎಳೆದು ಸುರುಳಿ ಮಾಡಿದರೆ ಹೊಟ್ಟೆಯ ಸುತ್ತ ಗಂಟಾಗಿ, ಜುಬ್ಬದ ಕೆಳಗೆ ಉಬ್ಬು ಕಾಣುತ್ತದೆ. ವೆಲ್ಕ್ರೋ ಅಂಟಿಸುವ ರೆಡಿಮೇಡ್ ಪಂಚೆಯಾದರೆ ಪಟ್ಟಿಯನ್ನೂ ಜೇಬನ್ನೂ ಬಿಚ್ಚಿ, ಮೇಲಿನ ಬಟ್ಟೆ ಕತ್ತರಿಸಿ, ಮತ್ತೆ ಕೂಡಿಸಬೇಕು. ಕೊಡುವಾಗ ಟೈಲರ್‌ಗೆ ಅಂಚು ಮುಟ್ಟಬೇಡಿ ಎಂದು ಸ್ಪಷ್ಟವಾಗಿ ಹೇಳಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ನೀವೇ ಗೆರೆ ಎಳೆದು ಕೊಡಿ.