ಎಂ.ಫಿಲ್ ಇಲ್ಲದೆ, ಮಾಟುಂಗದಲ್ಲಿ, ಕನ್ನಡದಲ್ಲೇ

ಸೈಕಾಲಜಿ ಎಂ.ಎ. ಮುಗಿಸಿದವರಿಗೆಲ್ಲ ಸೀನಿಯರ್‌ಗಳದ್ದು ಒಂದೇ ಪಾಠ. ಎಂ.ಫಿಲ್ ಮಾಡು, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನಂಬರ್ ತಗೋ, ಆಮೇಲೆ ಮಾತಾಡು. ನಾನೂ ಒಂದೆರಡು ವರ್ಷ ಎಂಟ್ರೆನ್ಸ್ ಬರೆದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲಿ ಮುಂಬೈಯಲ್ಲೂ ಕೆಲವು ಕಡೆ. ಫಾರ್ಮು, ರೈಲು, ಲಾಡ್ಜು ಅಂತ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಸೀಟು ಬರಲಿಲ್ಲ. ಖಾಸಗಿಯಲ್ಲಿ ಸಿಗುತ್ತಿತ್ತು, ಆದರೆ ಆ ಫೀಸಿಗೆ ಅಪ್ಪ ಹೊಟೇಲಿನ ಗಲ್ಲಾ ಬಿಟ್ಟು ಹೊಟೇಲನ್ನೇ ಮಾರಬೇಕಿತ್ತು. ಮುಂದೆ ಯುಜಿಸಿ ಎಂ.ಫಿಲ್ಲನ್ನೇ ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೆ ಮಾತ್ರ 2025-26ರ ತನಕ ಅವಕಾಶ ಕೊಟ್ಟಿತು. ಅಷ್ಟರಲ್ಲಿ ನಾನು ಬೇರೆ ದಾರಿ ಹಿಡಿದಾಗಿತ್ತು.

ಆರ್‌ಸಿಐ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕುವ ಹಾಗಿಲ್ಲ. ನಾನು ಹಾಕಿಲ್ಲ. ಕೌನ್ಸೆಲಿಂಗ್ ಸೈಕಾಲಜಿಸ್ಟ್, ಅಷ್ಟೇ. ಮುಂಬೈಯಲ್ಲಿ ಕನ್ನಡ, ತುಳುವಿನಲ್ಲೇ ಪ್ರಾಕ್ಟೀಸ್ ಮಾಡುತ್ತೇನೆ ಅಂದಾಗ ಬ್ಯಾಚಿನವರು ನಕ್ಕರು. 'ನಮ್ಮವರು ದುಡ್ಡು ಕೊಟ್ಟು ಮಾತಾಡ್ತಾರಾ? ಜ್ಯೋತಿಷಿಗಾದರೆ ಕೊಡ್ತಾರೆ' ಅಂದರು. ಆ ಬ್ಯಾಚಿನವರೇ ಈಗ ತುಳು ಮಾತಾಡುವ ಕ್ಲೈಂಟು ಬಂದರೆ ನನಗೆ ಕಳಿಸುತ್ತಾರೆ.

ಮೊದಲು ಆನ್‌ಲೈನ್ ಜಾಹೀರಾತು. ಎಂಟು ಸಾವಿರ ಹಾಕಿದೆ. ಬಂದ ಫೋನುಗಳಲ್ಲಿ ಅರ್ಧ ಕೆಲಸ ಕೇಳುವವರದ್ದು, ಇನ್ನರ್ಧ ನನಗೇ ಕೋರ್ಸು ಮಾರುವವರದ್ದು. ಆಮೇಲೆ ಒಂದು ನರ್ಸಿಂಗ್ ಹೋಂನಲ್ಲಿ ಕೂತೆ. ಫೀಸಿನಲ್ಲಿ ಶೇಕಡ 60 ಅವರಿಗೆ, ನನ್ನ ಪಾಲು ಮೂರು ತಿಂಗಳು ತಡವಾಗಿ. ಭಾನುವಾರ ಹಾಲ್ ಹಿಡಿದು ನಮ್ಮವರಿಗೆಂದೇ ಉಚಿತ ಶಿಬಿರ ಇಟ್ಟೆ. ಜನ ಚೆನ್ನಾಗಿಯೇ ಸೇರಿದರು. ಕಾಫಿ ಕುಡಿದರು, 'ನೀವು ಯಾರ ಮಗಳು, ಊರಲ್ಲಿ ಯಾವ ಮನೆ' ಅಂತ ವಿಚಾರಿಸಿದರು, ಹೋದರು. ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಭಾವನ ಅಣ್ಣ ಕೂತಿದ್ದರೆ ಯಾರು ಬಿಡುತ್ತಾರೆ?

ಅಲ್ಲೇ ನನಗೆ ಹೊಳೆದದ್ದು. ನಮ್ಮವರಿಗೆ ನಮ್ಮ ಭಾಷೆ ಬೇಕು, ನಮ್ಮ ಜನ ಬೇಡ. ಹಾಗಾಗಿ ಎರಡು ಕೋಣೆ ಹಿಡಿದೆ. ಒಂದು ಮಾಟುಂಗದಲ್ಲಿ, ಹೋಮಿಯೋಪತಿ ಡಾಕ್ಟರೊಬ್ಬರ ಕ್ಲಿನಿಕ್ಕು, ಗಂಟೆಗೆ ಇನ್ನೂರು ರೂಪಾಯಿ. ಇನ್ನೊಂದು ಠಾಣೆಯಲ್ಲಿ, ಸ್ವಲ್ಪ ಕಡಿಮೆ. ಮಾಟುಂಗದವರನ್ನು ಠಾಣೆಗೆ ಕರೆಯುತ್ತೇನೆ, ಡೊಂಬಿವಲಿಯವರನ್ನು ಮಾಟುಂಗಕ್ಕೆ. ಬೋರ್ಡಿನಲ್ಲಿ ಡಾಕ್ಟರ ಹೆಸರು ಮಾತ್ರ. ಸ್ವಂತ ಕ್ಲಿನಿಕ್ಕಿಗೆ ಡಿಪಾಸಿಟ್ ಕಟ್ಟುವವರು ಒಮ್ಮೆ ಯೋಚಿಸಿ.

ಸಮಯವೂ ಮುಖ್ಯ. ಹೊಟೇಲಿನವರಿಗೆ ಸಂಜೆ, ಭಾನುವಾರ ಅಂತ ಹೇಳಿ ಪ್ರಯೋಜನವಿಲ್ಲ. ಊಟದ ಗಲಾಟೆ ಮುಗಿದು ಸಂಜೆ ತಿಂಡಿ ಶುರುವಾಗುವ ಮೊದಲು, 3ರಿಂದ 5, ಅಷ್ಟೇ ಅವರ ಬಿಡುವು. ಆ ಹೊತ್ತಿಗೆ ಡಾಕ್ಟರ ಕ್ಲಿನಿಕ್ಕೂ ಖಾಲಿ. ಕರಪತ್ರದಲ್ಲಿ ಖಿನ್ನತೆ, ಆತಂಕ ಏನೂ ಹಾಕಲಿಲ್ಲ. ನಿದ್ದೆ ಬರದವರು ಬನ್ನಿ ಅಂತಷ್ಟೇ ಹಾಕಿದೆ. ಬಂದವರನ್ನು ಮೊದಲ ಹತ್ತು ನಿಮಿಷದಲ್ಲಿ ಮಾತಿಗೆ ಎಳೆಯಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಕ್ಷಮಿಸಿ, ಹೊಟ್ಟೆಪಾಡು.

ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಕನ್ನಡದಲ್ಲಿ ಸಿಗುತ್ತದೆ, ಅದು ನಡೆಯಿತು. ನಡೆಯದೇ ಇದ್ದದ್ದು ಸಿಬಿಟಿಯ (ಯೋಚನೆ, ವರ್ತನೆ ತಿದ್ದುವ ಚಿಕಿತ್ಸೆ) ಥಾಟ್ ರೆಕಾರ್ಡ್, ಅಂದರೆ ಕಷ್ಟದ ಹೊತ್ತಲ್ಲಿ ತಲೆಗೆ ಬಂದದ್ದನ್ನು ಬರೆದಿಡುವ ಹಾಳೆ. ಐದು ಕಾಲಂ ಹಾಕಿ ಚಂದ ಕನ್ನಡದಲ್ಲಿ ಪ್ರಿಂಟ್ ಮಾಡಿಸಿ ಕೊಟ್ಟೆ, ಖಾಲಿಯೇ ವಾಪಸ್ ಬಂತು. ಒಬ್ಬ ಸಪ್ಲೈಯರ್ ಹುಡುಗನಿಗೆ ಮಧ್ಯಾಹ್ನದ ರಶ್‌ನಲ್ಲಿ ಎದೆ ಹೊಡೆದುಕೊಂಡು ಕೈ ನಡುಗುತ್ತಿತ್ತು. ಹೃದಯ ಸರಿ ಇದೆ ಅಂತ ಡಾಕ್ಟರು ಹೇಳಿಯಾಗಿತ್ತು. 'ಅಕ್ಕ, ಮೂರನೇ ಕ್ಲಾಸಿನ ಮೇಲೆ ಬರೆದದ್ದು ಆರ್ಡರ್ ಮಾತ್ರ' ಅಂದ. ಸರಿ, ಆ ಆರ್ಡರ್ ಪ್ಯಾಡಿನಲ್ಲೇ ಬರಿ ಅಂದೆ. ಟೇಬಲ್ ನಂಬರಿನ ಜಾಗದಲ್ಲಿ ಎಲ್ಲಿದ್ದೆ ಅಂತ, ಐಟಮ್ಮಿನ ಜಾಗದಲ್ಲಿ ತಲೆಗೆ ಏನು ಬಂತು ಅಂತ, ಎಷ್ಟು ಪ್ಲೇಟು ಅನ್ನುವಲ್ಲಿ ಹೆದರಿಕೆ ಹತ್ತರಲ್ಲಿ ಎಷ್ಟು ಅಂತ. ಮೇಲಿನ ಚೀಟಿ ಹರಿದು ಬಿಸಾಡು, ಕಾರ್ಬನ್ ಕಾಪಿ ನನಗೆ ತಾ. ಮುಂದಿನ ವಾರ ಜೇಬಿನಿಂದ ಒಂದು ಕಂತೆ ತೆಗೆದ. 'ಗಲ್ಲಾದ ಹತ್ತಿರ. ಧಣಿ ಬೈತಾರೆ. 9.' ಒಂದರಲ್ಲಿ ಹೆದರಿಕೆಯ ಕೆಳಗೇ ಎರಡು ಮಸಾಲೆ ದೋಸೆಯೂ ಇತ್ತು. ಎಂಟತ್ತು ವಾರದಲ್ಲಿ 9 ಇದ್ದದ್ದು 3, 4ಕ್ಕೆ ಇಳಿಯಿತು. ಈಗ ಆ ಪ್ಯಾಡನ್ನು ಡಜನ್ ಲೆಕ್ಕದಲ್ಲಿ ತರುತ್ತೇನೆ.

ಆದರೆ ಬರೀ ಇದರಿಂದ ಹೊಟ್ಟೆ ತುಂಬಲ್ಲ. ಆರಂಭದಲ್ಲಿ ಸೆಷನ್‌ಗೆ 300 ತಗೊಳ್ಳುತ್ತಿದ್ದೆ, ಸೂಪರ್ವಿಷನ್‌ಗೆ, ಅಂದರೆ ನನ್ನ ಕೇಸುಗಳ ಬಗ್ಗೆ ಹಿರಿಯರ ಸಲಹೆ ಪಡೆಯಲು, ಗಂಟೆಗೆ 1,500 ಕೊಡುತ್ತಿದ್ದೆ. ಲೆಕ್ಕ ನೀವೇ ಹಾಕಿ. ಕೈ ಹಿಡಿದದ್ದು ಶಾಲೆಗಳ ಅಸೆಸ್‌ಮೆಂಟ್, ಅಂದರೆ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ. ವೆಕ್ಸ್ಲರ್ ಐಕ್ಯೂ ಟೆಸ್ಟಿನ ಕಿಟ್ಟು ಕೊಳ್ಳುವ ತಾಕತ್ತಿರಲಿಲ್ಲ, ಅದನ್ನೇ ಭಾರತದ ಮಕ್ಕಳಿಗೆ ಹೊಂದಿಸಿದ ಮಾಲಿನ್ನರ ಟೆಸ್ಟಿನಲ್ಲಿ ಶುರು ಮಾಡಿದೆ. ಸುಮ್ನೆ ಕುತೂಹಲಕ್ಕೆ ಬಿನೆ-ಕಾಮತ್ ಟೆಸ್ಟ್ ಕೂಡ ತೆಗೆದುಕೊಂಡೆ. 1930ರ ದಶಕದಲ್ಲಿ ವಿ.ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆಂದೇ ಹೊಂದಿಸಿದ್ದು ಅದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಡೊಂಬಿವಲಿ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಕೆಲವು ಮಕ್ಕಳಿಗೆ ಅದೇ ಪ್ರಶ್ನೆ ಎರಡೂ ಭಾಷೆಯಲ್ಲಿ ಕೇಳಿ ನೋಡಿದೆ. ಸಾಮಾನಿನ ಹೆಸರು ಕನ್ನಡದಲ್ಲಿ ಬರುತ್ತದೆ, ಲೆಕ್ಕ ಮರಾಠಿಯಲ್ಲಿ. ನಾರ್ಮ್ಸ್ (ಅಂಕ ಹೋಲಿಸುವ ಮಾನದಂಡ) ಹಳೆಯದು, ಅದರ ಐಕ್ಯೂ ಅಂಕಿಯನ್ನು ರಿಪೋರ್ಟಿಗೆ ಹಾಕಲ್ಲ. ಮಗುವಿಗೆ ಯಾವ ಭಾಷೆಯಲ್ಲಿ ಟೆಸ್ಟ್ ಮಾಡಬೇಕು ಅಂತ ತಿಳಿಯಲು ಮಾತ್ರ ಬಳಸುತ್ತೇನೆ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ರಿಯಾಯಿತಿ ಸರ್ಟಿಫಿಕೇಟ್ ನಾವು ಕೊಡುವಂಥದ್ದಲ್ಲ, ಸಯನ್‌ನಂಥ ಪಾಲಿಕೆ ಆಸ್ಪತ್ರೆಗೆ ಕಳಿಸುತ್ತೇನೆ. ಇದನ್ನು ತಾಯಂದಿರಿಗೆ ದುಡ್ಡು ತಗೊಳ್ಳುವ ಮೊದಲೇ ಹೇಳಿಬಿಡಿ, ಜಗಳ ತಪ್ಪುತ್ತದೆ.

ಮಾತ್ರೆ ಬೇಕಾದವರನ್ನು ಅದೇ ದಿನ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ. ಅಪಾಯಿಂಟ್‌ಮೆಂಟ್ ಕಾರ್ಡಿನ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅಚ್ಚು ಹಾಕಿಸಿದ್ದೇನೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸೂಪರ್ವಿಷನ್ ಲಾಗು, ಇಂಟರ್ನ್‌ಶಿಪ್ ಪತ್ರ ಒಂದನ್ನೂ ಬಿಸಾಡಿಲ್ಲ. 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಸೈಕಾಲಜಿಸ್ಟ್‌ಗಳೂ ಇದ್ದಾರೆ, ನಾಳೆ ರಿಜಿಸ್ಟ್ರೇಷನ್ನಿಗೆ ಏನು ಕೇಳುತ್ತಾರೋ.

ಈಗ ಸೆಷನ್‌ಗೆ ಸುಮಾರು 1,000. ಹೊಟೇಲ್ ಹುಡುಗರಿಗೆ ಅದೇ ಹಳೆಯ 300. ಖರ್ಚು ಕಳೆದು ತಿಂಗಳಿಗೆ ಐವತ್ತು ಸಾವಿರದ ಮೇಲೆ ಉಳಿಯುತ್ತದೆ, ಅಸೆಸ್‌ಮೆಂಟ್ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ವಾಶಿಯಲ್ಲಿ ಮೂರನೇ ಕೋಣೆ ನೋಡಿ ಬಂದೆ. ಗಂಟೆಗೆ 400 ಹೇಳುತ್ತಿದ್ದಾರೆ. 300ಕ್ಕೆ ಬಂದರೆ ಗಣಪತಿ ಹಬ್ಬ ಮುಗಿದ ಮೇಲೆ ಶುರು ಮಾಡುವುದು.