ಯಾವುದು ಮೆಕ್ಯಾನಿಕ್‌ಗೆ, ಯಾವುದು ನನ್ನ ಕೈಗೆ: ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಜೊತೆ ನನ್ನ ಅನುಭವ

ಹ್ಯಾಂಡ್‌ಬ್ರೇಕ್ ಎಳೆದು ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿದಾಗ ನಾನಿನ್ನೂ ಸೀಟಿನಿಂದ ಇಳಿದಿರಲಿಲ್ಲ. ಪುಣ್ಯ. ಬ್ರೇಕ್ ತುಳಿದು, ಗೇರಿಗೆ ಹಾಕಿ, ಎಂಜಿನ್ ಆರಿಸಿದೆ. ಅದರ ಹಿಂದಿನ ವಾರವಷ್ಟೇ ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿ, ಬಿಲ್ ಕಟ್ಟಿ ತಂದಿದ್ದೆ. ಲಿವರ್ ಹನ್ನೆರಡು ಹದಿಮೂರು ಕ್ಲಿಕ್ ಮೇಲಕ್ಕೆ ಬಂದರೂ ಹಿಡಿತ ಇಲ್ಲ. ಮತ್ತೆ ಗ್ಯಾರೇಜಿಗೆ ಒಯ್ದೆ. ಅಲ್ಲಿ ಲಿವರ್ ಬುಡದಲ್ಲಿರುವ ಕೇಬಲ್ ನಟ್ ಬಿಗಿ ಮಾಡಿ ಕೊಟ್ಟರು. ಕೆಲವು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕಥೆ.

ಕಾರು ಮಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನದು. 1.8 ಲೀಟರ್ ಎಂಜಿನ್, ಐದು ಗೇರ್, ಹಿಂದಿನ ಚಕ್ರಗಳಿಗೆ ಶಕ್ತಿ. ಅಲ್ಲಿಯವರೆಗೆ ನಾನು ಅದರ ಬಾನೆಟ್ ತೆಗೆಯುತ್ತಿದ್ದುದು ವಾಷರ್ ನೀರು ತುಂಬಲು ಮಾತ್ರ. ಆ ರಾತ್ರಿ ಮೊದಲ ಸಲ ಕೂತು ವರ್ಕ್‌ಶಾಪ್ ಮ್ಯಾನ್ಯುವಲ್ ಓದಿದೆ. ಉತ್ತರ ಅಲ್ಲೇ ಇತ್ತು. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಅದುಮುವ ಭಾಗ ಕ್ಯಾಲಿಪರ್. ಈ ಕಾರಿನ ಹಿಂದಿನ ಕ್ಯಾಲಿಪರ್ ಮುಂದಿನದರಂತಲ್ಲ. ಅದರ ಬೆನ್ನಿಗೆ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಒಳಗೆ 4 ಎಂಎಂ ಅಲೆನ್ ಕೀ ಕೂರುವ ಸಣ್ಣ ಸ್ಕ್ರೂ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಒಳಕ್ಕೆ ಕಳಿಸುವುದು ಈ ಸ್ಕ್ರೂ ತಿರುಗಿಸಿ. ಪ್ಯಾಡ್ ಕೂತ ಮೇಲೆ, ಅದು ಡಿಸ್ಕನ್ನು ಮುಟ್ಟಿ ಸ್ಕ್ರೂ ನಿಲ್ಲುವ ತನಕ ಬಲಕ್ಕೆ ತಿರುಗಿಸಬೇಕು, ಆಮೇಲೆ ಮೂರನೇ ಒಂದು ಸುತ್ತು ಎಡಕ್ಕೆ ಬಿಡಬೇಕು. ಅಷ್ಟೇ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಈ ಅಂತರ ಸರಿಯಿಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಲಿವರ್‌ನ ಎಳೆತವೆಲ್ಲ ಖಾಲಿ ಜಾಗ ತುಂಬುವುದರಲ್ಲೇ ಮುಗಿದುಹೋಗುತ್ತದೆ. ಕೇಬಲ್ ಎಷ್ಟು ಬಿಗಿದರೂ ರೋಗ ಇರುವ ಜಾಗ ಅದಲ್ಲ.

ಶನಿವಾರ ಬೆಳಿಗ್ಗೆ ಹಿಂದಿನ ಎರಡು ಚಕ್ರ ಬಿಚ್ಚಿ, ಕೇಬಲ್ ನಟ್ ಸಡಿಲಿಸಿ, ಎರಡೂ ಸ್ಕ್ರೂ ಸರಿ ಮಾಡಿ, ಕೊನೆಗೆ ಕೇಬಲ್ ಮತ್ತೆ ಹದಕ್ಕೆ ತಂದೆ. ಲಿವರ್ ಐದಾರು ಕ್ಲಿಕ್ಕಿಗೆ ಗಟ್ಟಿಯಾಗಿ ನಿಂತಿತು. ಆ ಕ್ಷಣದ ಸಂತೋಷ ನನಗಿನ್ನೂ ನೆನಪಿದೆ. ಅದಕ್ಕಿಂತ ಹೆಚ್ಚಾಗಿ, ಪ್ಯಾಡ್ ಹಾಕಿದ ಆ ಮೆಕ್ಯಾನಿಕ್ ಏಕೆ ಎಡವಿದರು ಎಂಬುದು ಅರ್ಥವಾಯಿತು. ಅವರು ಕೆಲಸ ಬಾರದವರಲ್ಲ. ದಿನಕ್ಕೆ ಹತ್ತು ತರಹದ ಕಾರು ಅವರ ಮುಂದೆ ಬರುತ್ತವೆ, ಒಂದೊಂದಕ್ಕೂ ಇಂತಿಷ್ಟೇ ಹೊತ್ತು. ನನ್ನ ಮುಂದೆ ಇರುವುದು ಒಂದೇ ಕಾರು, ನನಗೆ ಇಡೀ ಶನಿವಾರ ಇದೆ. ಅನುಭವದಲ್ಲಿ ಅವರ ಹತ್ತಿರಕ್ಕೂ ನಾನು ಬರಲಾರೆ. ಆದರೆ ಈ ಒಂದು ಕಾರಿಗೆ ನಾನು ಕೊಡಬಲ್ಲ ಸಮಯವನ್ನು ಯಾವ ಬಿಲ್ ಕಟ್ಟಿಯೂ ಕೊಳ್ಳಲಾಗದು.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ನನಗೆ ಏನೂ ಉಳಿಯಲಿಲ್ಲ. ಒಳ್ಳೆಯ ಜಾಕ್, ನಾಲ್ಕು ಜಾಕ್ ಸ್ಟ್ಯಾಂಡ್, ಬೋಲ್ಟನ್ನು ಅಳತೆಯಂತೆ ಬಿಗಿಯುವ ಎರಡು ಟಾರ್ಕ್ ರೆಂಚ್, ಸಾಕೆಟ್ ಸೆಟ್, ಆಯಿಲ್ ಹಿಡಿಯುವ ತಟ್ಟೆ, ಇವಕ್ಕೆ ಹೋದದ್ದು ಎರಡು ಸರ್ವಿಸ್ ಬಿಲ್ಲಿಗಿಂತ ಜಾಸ್ತಿ. ಎರಡನೇ ವರ್ಷದಿಂದ ಉಳಿತಾಯ ಶುರುವಾಯಿತು. ಬರೀ ಉಳಿತಾಯಕ್ಕಾಗಿಯೇ ಇಳಿಯುವವರು ಮೊದಲ ಆರು ತಿಂಗಳಲ್ಲೇ ಬೇಸತ್ತು ಬಿಡುತ್ತಾರೆ ಅನ್ನಿಸುತ್ತದೆ. ಮತ್ತೆ, ಯಾವ ಕಾರು ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಎಂಎಕ್ಸ್-5ರಲ್ಲಿ ಎಂಜಿನ್ ಮುಂದೆ, ಉದ್ದಕ್ಕೆ ಕೂತಿದೆ, ಸುತ್ತ ಕೈ ಹಾಕಲು ಜಾಗವಿದೆ. ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನುಗಳ ತಾಳಕ್ಕೆ ಓಡಿಸುವ ಪಟ್ಟಿ) ಬದಲಿಸಬೇಕೆಂದರೆ ಇಡೀ ಎಂಜಿನ್ ಕೆಳಗಿಳಿಸಬೇಕು. ಮನೆ ಮುಂದೆ ಮಾಡುವ ಕೆಲಸವಲ್ಲ ಅದು.

ಆಯಿಲ್ ಬದಲಿಸುವುದರಿಂದ ಎಲ್ಲರೂ ಶುರು ಮಾಡುತ್ತಾರೆ, ನಾನೂ ಅಷ್ಟೇ. ಆದರೆ ಅದಕ್ಕಿಂತ ಮೊದಲು ಕಾರನ್ನು ಎತ್ತುವುದನ್ನು ಕಲಿಯಬೇಕು. ಸಾವಿರ ಕಿಲೋ ಮೀರಿದ ಭಾರ ಅದು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡಗಟ್ಟೆ, ಮ್ಯಾನ್ಯುವಲ್ ಹೇಳಿದ ಜಾಗಕ್ಕೇ ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಇಳಿಸಿದ ನಂತರ ಪಕ್ಕದಿಂದ ಎರಡೂ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಅಡಿಯಲ್ಲಿ ಇಲ್ಲದಾಗಲೇ ಬೀಳಲಿ. ಇದರಲ್ಲಿ ಒಂದು ದಿನವೂ ಅವಸರ ಮಾಡಿಲ್ಲ, ಮಾಡುವುದೂ ಇಲ್ಲ.

ಈ ಕಾರಿನ ಆಯಿಲ್ ಫಿಲ್ಟರ್ ಬಲಗಡೆ, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅಡಗಿ ಕೂತಿದೆ. ಬಿಚ್ಚುವಾಗ ಆಯಿಲ್ ಮೊಣಕೈ ತನಕ ಹರಿಯುತ್ತದೆ. ಬಲ ಮುಂಚಕ್ರ ತೆಗೆದು, ಆ ಕಡೆಯಿಂದ ಕೈ ಹಾಕುವುದೇ ನನಗೆ ಸುಲಭ ಎನಿಸಿತು. ಹಳೆಯ ಫಿಲ್ಟರ್ ಕೈಗೆ ಬಂದ ತಕ್ಷಣ ನೋಡಬೇಕಾದ್ದು ಅದರ ರಬ್ಬರ್ ಉಂಗುರ. ಅದು ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಎಂಜಿನ್ ಹಚ್ಚಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಡ್ರೇನ್ ಪ್ಲಗ್ಗಿಗೆ ಹೊಸ ವಾಷರ್, ಹೆಚ್ಚು ಕಡಿಮೆ ನಾಲ್ಕು ಲೀಟರ್ ಆಯಿಲ್, ಐದು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಮತ್ತೆ ಅಡಿಗೆ ಹೋಗಿ ಟಾರ್ಚ್ ಹಿಡಿದು ನೋಡುವುದು. ಮೊದಲ ಸಲ ಮೂರು ಗಂಟೆ ಹಿಡಿಯಿತು. ಈಗ ಮುಕ್ಕಾಲು ಗಂಟೆ. ಹಳೆಯ ಆಯಿಲ್ ಡಬ್ಬಿಗೆ ತುಂಬಿ, ತೆಗೆದುಕೊಳ್ಳುವ ಕಡೆಗೆ ಒಯ್ದು ಕೊಡುತ್ತೇನೆ. ಚರಂಡಿಗೆ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಗೇರ್‌ಬಾಕ್ಸ್ ಆಯಿಲ್ ವಿಷಯದಲ್ಲಿ ನಾನು ಕಲಿತದ್ದು ಜಾಸ್ತಿ. ಹಳೆಯ ಬಿಲ್ಲುಗಳಲ್ಲಿ 'ಗೇರ್ ಆಯಿಲ್' ಎಂದಷ್ಟೇ ಬರೆದಿರುತ್ತಿತ್ತು. ಗೇರ್‌ಬಾಕ್ಸಿಗೂ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೂ ಒಂದೇ ಡಬ್ಬಿಯಿಂದ ಸುರಿದಿದ್ದರು ಎಂದು ಕೇಳಿದ ಮೇಲೆ ತಿಳಿಯಿತು. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಆಯಿಲ್ ಬೇಕೇ ಬೇಕು. ಅಲ್ಲಿನ ಹೈಪಾಯ್ಡ್ ಗೇರುಗಳ ಓರೆ ಹಲ್ಲುಗಳು ಒಂದರ ಮೇಲೊಂದು ಉಜ್ಜಿ ಜಾರುತ್ತವೆ, ಆ ಒತ್ತಡ ತಡೆಯುವ ರಾಸಾಯನಿಕ ಅದರಲ್ಲಿ ಹೆಚ್ಚಿದೆ. ಗೇರ್‌ಬಾಕ್ಸಿನ ಕಥೆ ಬೇರೆ. ಅಲ್ಲಿ ಸಿಂಕ್ರೊ ಉಂಗುರಗಳು ಗೇರನ್ನು ಸ್ವಲ್ಪ ಉಜ್ಜಿ ಹಿಡಿದು ವೇಗ ಸಮ ಮಾಡಬೇಕು, ತೀರಾ ಜಾರುವ ಆಯಿಲ್ ಅದಕ್ಕೆ ಒಗ್ಗುವುದಿಲ್ಲ. ನನ್ನ ಕಾರಿನಲ್ಲಿ ಚಳಿಯ ಬೆಳಿಗ್ಗೆ ಎರಡನೇ ಗೇರು ಬೀಳಲು ಹಠ ಮಾಡುತ್ತಿತ್ತು. 75ಡಬ್ಲ್ಯು-90 ದಪ್ಪದ, ಜಿಎಲ್-4 ದರ್ಜೆಯ ಆಯಿಲ್ ಎರಡು ಲೀಟರ್ ಹಾಕಿದ ಮೇಲೆ ಅದು ಪೂರ್ತಿ ಹೋಯಿತು ಎನ್ನಲಾರೆ, ಆದರೆ ಕೈಗೆ ಗೊತ್ತಾಗುವಷ್ಟು ತಗ್ಗಿತು. ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಡ್ರೇನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ ಪ್ಲಗ್ ಬಿಚ್ಚಿ ನೋಡಿ. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬಿಚ್ಚದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ.

ಬ್ರೇಕ್ ಆಯಿಲ್ ಬದಲಿಸಲು ಮಗಳು ಪೆಡಲ್ ಒತ್ತಲು ಸೀಟಿನಲ್ಲಿ ಕೂರುತ್ತಾಳೆ. "ಒತ್ತು." "ಒತ್ತಿದೀನಿ ಅಪ್ಪಾ." "ಹಿಡ್ಕೋ, ಬಿಡಬೇಡ." ಹಳೆಯ ದ್ರವ ಹೊರಬಿಡುವ ನಿಪ್ಪಲ್ಲನ್ನು ನಾನು ಮತ್ತೆ ಬಿಗಿದು "ಈಗ ಬಿಡು" ಅಂದ ಮೇಲೇ ಅವಳು ಕಾಲೆತ್ತಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಜೋರಾಗಿ ಓಡಿಸುವ ಕಾರಿಗೆ ಎಂಜಿನ್ ಆಯಿಲ್‌ಗಿಂತ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೆ. ಈ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ದ್ರವದ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರಿನಂಶ ಶೇ. 3.7ಕ್ಕೆ ಏರಿದರೆ 155 ಡಿಗ್ರಿ ಇದ್ದರೂ ಸಾಕೆನ್ನುತ್ತದೆ ಮಾನದಂಡ. ಉದ್ದನೆಯ ಘಾಟಿ ಇಳಿಯುವಾಗ ಕ್ಯಾಲಿಪರ್ ಕಾದು ಒಳಗೆ ದ್ರವ ಕುದಿದರೆ ಆವಿಯ ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ. ಕೆಲಸ ಮುಗಿದ ಮೇಲೆ ಎಂಜಿನ್ ಹಚ್ಚಿ, ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ನಿಂತಲ್ಲೇ ನೋಡದೆ ಗಾಲಿ ಉರುಳಿಸುವುದಿಲ್ಲ.

ತಪ್ಪು ನನ್ನಿಂದಲೂ ಆಯಿತು. ಎಂಜಿನ್ನಿನ ಮೇಲ್ಮುಚ್ಚಳದ ರಬ್ಬರ್ ಪಟ್ಟಿ, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್, ಒಸರುತ್ತಿತ್ತು. ಹೊಸದು ಹಾಕಿ, ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಗಿದೆ. ಆರು ಎಂಎಂ ಬೋಲ್ಟ್, ಹತ್ತು ನ್ಯೂಟನ್ ಮೀಟರ್‌ಗಿಂತಲೂ ಕಡಿಮೆ ಬಿಗಿ ಸಾಕಾದದ್ದು. ಒಂದರ ತಲೆ ತುಂಡಾಗಿ ಕೈಗೆ ಬಂತು, ಉಳಿದರ್ಧ ಸಿಲಿಂಡರ್ ಹೆಡ್ಡಿನಲ್ಲೇ ಉಳಿಯಿತು. ಅದನ್ನು ತೆಗೆಸಲು ಕರೆಸಿದ ಹಿರಿಯ ಮೆಕ್ಯಾನಿಕ್ ಅರ್ಧ ಗಂಟೆ ಮೌನವಾಗಿ ಕೆಲಸ ಮಾಡಿದರು. ಎಡಕ್ಕೆ ತಿರುಗುತ್ತ ಕೊರೆಯುವ ಡ್ರಿಲ್ ಬಿಟ್ಟಿನಿಂದ ತುಂಡನ್ನು ಹೊರಗೆಳೆದು, "ಸಣ್ಣ ರೆಂಚ್ ತಗೊಳ್ಳಿ ಸಾರ್, ದೊಡ್ಡದರಲ್ಲಿ ಸಣ್ಣ ಬೋಲ್ಟಿನ ಅಂದಾಜು ಸಿಗಲ್ಲ" ಅಂದರು. ಎರಡನೇ ಟಾರ್ಕ್ ರೆಂಚ್ ಬಂದದ್ದು ಹಾಗೆ. ದೊಡ್ಡ ಕೆಲಸಗಳಿಗೆ ಅಂದಿನಿಂದ ಅವರ ಹತ್ತಿರವೇ ಹೋಗುತ್ತೇನೆ.

ಯಾವುದು ದೊಡ್ಡದು ಎಂದು ನಿರ್ಧರಿಸಲು ಕಷ್ಟ ಸುಲಭದ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ನಾನು ತಪ್ಪಿದರೆ ಅದು ನನಗೆ ಯಾವಾಗ ಗೊತ್ತಾಗುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಆಯಿಲ್ ಸೋರಿದರೆ ಐದು ನಿಮಿಷದಲ್ಲಿ ನೆಲ ಹೇಳುತ್ತದೆ. ಬ್ರೇಕಿನಲ್ಲಿ ಗಾಳಿ ಉಳಿದರೆ ಕಾರು ಚಲಿಸುವ ಮೊದಲೇ ಕಾಲಿಗೆ ತಿಳಿಯುತ್ತದೆ. ಆದರೆ ವೀಲ್ ಅಲೈನ್‌ಮೆಂಟ್ ತಪ್ಪಿದ್ದು ಟೈರಿನ ಒಳಅಂಚು ಸವೆದ ಮೇಲೆ ಕಾಣುತ್ತದೆ, ಅದನ್ನು ಅಳೆಯಲು ಯಂತ್ರವೇ ಬೇಕು. ಎಸಿ ಗ್ಯಾಸ್, ಏರ್‌ಬ್ಯಾಗ್ ಕಡೆ ಕೈ ಹಾಕುವುದೇ ಇಲ್ಲ. ಟೈಮಿಂಗ್ ಬೆಲ್ಟ್‌ನ ಕೆಲಸ ಮ್ಯಾನ್ಯುವಲ್ ಓದಿದರೆ ಅರ್ಥವಾಗುವಂಥದ್ದೇ, ಈ ಎಂಜಿನ್ನಿಗೆ ಒಂದು ಲಕ್ಷ ಕಿಲೋಮೀಟರ್‌ಗೊಮ್ಮೆ ಬರುತ್ತದೆ. ಅಷ್ಟು ಅಪರೂಪಕ್ಕೆ ಮಾಡುವ ಕೆಲಸದಲ್ಲಿ ಕೈ ಪಳಗುವುದಿಲ್ಲ. ಅದನ್ನು ಆ ಹಿರಿಯರಿಗೇ ಬಿಟ್ಟೆ.

ಕಾರಿನಡಿ ಮಲಗುವುದರಿಂದ ಸಿಗುವ ಇನ್ನೊಂದು ಲಾಭಕ್ಕೆ ಯಾವ ಬಿಲ್ಲಿನಲ್ಲೂ ಸಾಲು ಇಲ್ಲ. ಒಮ್ಮೆ ಆಯಿಲ್ ಇಳಿಯಲಿ ಎಂದು ಕಾಯುತ್ತ ಮಲಗಿದ್ದಾಗ ಗೇರ್‌ಬಾಕ್ಸ್ ಪಕ್ಕದಲ್ಲಿ ಪೆಡಲ್ಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟಿನ ಕೆಳಗೆ ಒಂದು ತೇವದ ಕಲೆ ಕಂಡಿತು. ಬೂಟು ಸರಿಸಿದರೆ ದ್ರವ ತೊಟ್ಟಿಕ್ಕಿತು. ಕ್ಲಚ್ ಇನ್ನೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಒಂದು ದಿನ ಸಿಗ್ನಲ್ಲಿನಲ್ಲಿ ಪೆಡಲ್ ಒಳಗೆ ಹೋಗಿ ಮೇಲೆ ಬರುತ್ತಿರಲಿಲ್ಲ. ಎರಡು ಬೋಲ್ಟ್, ಒಂದು ಪೈಪಿನ ಕೆಲಸ, ಮಧ್ಯಾಹ್ನದೊಳಗೆ ಹೊಸದು ಕೂತಿತ್ತು.

ಆ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ಆಯಿಲ್‌ನ ಹೆಸರು, ಪ್ಯಾಡ್ ಎಷ್ಟು ಎಂಎಂ ಉಳಿದಿದೆ, ಎಲ್ಲಿ ಒಸರು ಕಂಡಿತು, ಎಲ್ಲ ಅದರಲ್ಲಿದೆ. ಬಿಡಿಭಾಗದ ರಸೀದಿಗಳನ್ನೂ ಅದರಲ್ಲೇ ಅಂಟಿಸುತ್ತೇನೆ. ವಾರಂಟಿ ಇರುವ ಹೊಸ ಕಾರಿನವರಿಗಂತೂ ಈ ದಾಖಲೆ ಬೇಕೇ ಬೇಕು. ಟೈಮಿಂಗ್ ಬೆಲ್ಟ್‌ಗೆ ಕಾರು ಬಿಟ್ಟಾಗ ನೋಟ್‌ಬುಕ್ಕನ್ನೂ ಕೊಟ್ಟಿದ್ದೆ. ಆ ಹಿರಿಯರು ಕನ್ನಡಕ ಏರಿಸಿ ಎರಡು ಪುಟ ಓದಿ, ಬೆಲ್ಟ್ ಜೊತೆ ವಾಟರ್ ಪಂಪನ್ನೂ ಈಗಲೇ ಹಾಕಿಬಿಡೋಣ, ಅದಕ್ಕೂ ಇದನ್ನೆಲ್ಲ ಮತ್ತೆ ಬಿಚ್ಚಬೇಕಾಗುತ್ತದೆ ಎಂದರು. ಹಾಕಿಸಿದೆ.