ಹಾರ್ಡ್ ಡಿಸ್ಕ್ ಇರುವ ಡಿವಿಡಿ ರೆಕಾರ್ಡರ್: ಬಳಸುವುದು ಹೇಗೆ, ಕೈಕೊಟ್ಟಾಗ ಏನು ಮಾಡಬೇಕು?

ನಿಮ್ಮ ಮನೆಯ ಟಿವಿ ಪಕ್ಕ ಹಾರ್ಡ್ ಡಿಸ್ಕ್ ಇರುವ ಡಿವಿಡಿ ರೆಕಾರ್ಡರ್ ಇನ್ನೂ ಇದೆಯಾ? ಹಾಗಿದ್ದರೆ ಅದರ ಹೊಟ್ಟೆಯಲ್ಲಿ ಬೇರೆಲ್ಲೂ ಸಿಗದ ಏನಾದರೂ ಇದ್ದೇ ಇರುತ್ತದೆ. ಹಳೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡ ಮದುವೆಯ ವಿಡಿಯೊ, ಈಗ ನಮ್ಮೊಂದಿಗಿಲ್ಲದ ಅಜ್ಜಿಯ ಮಾತು, ಟಿವಿಯಲ್ಲಿ ಒಂದೇ ಸಲ ಬಂದುಹೋದ ಕಾರ್ಯಕ್ರಮ. ಇಂಥ ಯಂತ್ರ ಈಗ ಹೊಸದಾಗಿ ಸಿಗುವುದು ಅಪರೂಪ. ಕೆಟ್ಟರೆ ಇನ್ನೊಂದು ತಂದರಾಯಿತು ಅನ್ನುವ ಹಾಗಿಲ್ಲ. ಆದ್ದರಿಂದ ಅದನ್ನು ಸರಿಯಾಗಿ ಬಳಸುವುದನ್ನೂ ಕಲಿಯಬೇಕು, ಒಳಗಿರುವುದನ್ನು ಹೊರಗೆ ತೆಗೆಯುವುದನ್ನೂ ಕಲಿಯಬೇಕು.

ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ಹಾರ್ಡ್ ಡಿಸ್ಕ್ ಕಣ, ಕಣಜ ಅಲ್ಲ. ಇಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು, ಬೇಡದ್ದನ್ನು ತೂರಿ ತೆಗೆಯಬೇಕು, ಉಳಿದದ್ದನ್ನು ಡಿವಿಡಿ ಡಿಸ್ಕ್‌ಗೆ ಸಾಗಿಸಬೇಕು. ಹಾರ್ಡ್ ಡಿಸ್ಕ್ ಅಂದರೆ ಸದಾ ತಿರುಗುವ ಯಂತ್ರ, ಅದು ಸವೆಯುತ್ತದೆ. ವರ್ಷಗಟ್ಟಲೆ ಎಲ್ಲವನ್ನೂ ಅದರಲ್ಲೇ ಬಿಟ್ಟರೆ ಒಂದು ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ವೈರ್ ಜೋಡಣೆ

ಹಿಂಬದಿಯಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ತೂತುಗಳಿರುತ್ತವೆ. ಹಳದಿ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಶಬ್ದಕ್ಕೆ. ‘ಇನ್’ ಮತ್ತು ‘ಔಟ್’ ಎರಡು ಸಾಲುಗಳಿರುತ್ತವೆ, ಅದಲುಬದಲಾಗದಂತೆ ನೋಡಿಕೊಳ್ಳಿ. ಎಸ್-ವಿಡಿಯೊ ತೂತು ಎರಡೂ ಕಡೆ ಇದ್ದರೆ ಹಳದಿ ವೈರ್ ಬದಲು ಅದನ್ನೇ ಬಳಸಿ. ಅದರಲ್ಲಿ ಬೆಳಕು ಮತ್ತು ಬಣ್ಣದ ಸಿಗ್ನಲ್ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಅಂಚುಗಳಲ್ಲಿ ಬಣ್ಣ ಹರಡುವುದು ಕಡಿಮೆ. ಆದರೆ ಎಸ್-ವಿಡಿಯೊದಲ್ಲಿ ಶಬ್ದ ಬರುವುದಿಲ್ಲ, ಕೆಂಪು-ಬಿಳಿ ವೈರ್ ಬೇಕೇ ಬೇಕು. ಡಿಜಿಟಲ್ ಟೇಪಿನ ಕ್ಯಾಮೆರಾ ಇದ್ದರೆ ರೆಕಾರ್ಡರ್‌ನ ಮುಂಭಾಗದಲ್ಲಿ ‘ಡಿವಿ ಇನ್’ ಇದೆಯೇ ನೋಡಿ. ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ರೆಕಾರ್ಡರ್‌ನಿಂದ ಟಿವಿಗೆ ನೇರ ವೈರ್ ಹೋಗಲಿ. ನಡುವೆ ವಿಸಿಆರ್ (ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ) ಬಂದರೆ ಕೆಲವು ಡಿಸ್ಕ್‌ಗಳಲ್ಲಿರುವ ನಕಲು ತಡೆ ಸಿಗ್ನಲ್‌ನಿಂದ ಚಿತ್ರ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗಿ ಕಾಣುತ್ತದೆ. ಯಂತ್ರ ಕೆಟ್ಟಿದೆ ಎಂದು ಆಗ ಗಾಬರಿಯಾಗುವವರೇ ಜಾಸ್ತಿ.

ಟಿವಿ ಕಾರ್ಯಕ್ರಮ ಹಿಡಿಯುವ ವಿಷಯದಲ್ಲಿ ಒಂದು ತೊಡಕಿದೆ. ಹಳೆಯ ರೆಕಾರ್ಡರ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ಅನಲಾಗ್ ಟ್ಯೂನರ್, ಅಂದರೆ ಹಳೆಯ ಬಗೆಯ ಪ್ರಸಾರವನ್ನು ಹಿಡಿಯುವ ಭಾಗ ಮಾತ್ರ. ಅಮೆರಿಕದಲ್ಲಿ 2009ರಲ್ಲಿ, ಜಪಾನಿನಲ್ಲಿ ಬಹುಭಾಗ 2011ರಲ್ಲಿ, ಬ್ರಿಟನ್ನಿನಲ್ಲಿ 2012ರಲ್ಲಿ ಅನಲಾಗ್ ಪ್ರಸಾರ ನಿಂತಿತು. ಪ್ರಸಾರ ನಿಂತ ಕಡೆ ಆ ಟ್ಯೂನರ್‌ಗೆ ಕೆಲಸವಿಲ್ಲ. ಸೆಟ್‌ಟಾಪ್ ಬಾಕ್ಸ್‌ನ ಔಟ್‌ನಿಂದ ರೆಕಾರ್ಡರ್‌ನ ಲೈನ್ ಇನ್‌ಗೆ ವೈರ್ ಕೊಟ್ಟು, ಚಾನೆಲ್ ಬದಲು ‘ಎಲ್1’ ಅಥವಾ ‘ಎಲ್2’ ಆರಿಸಬೇಕು. ಟೈಮರ್ ಹಾಕುವಾಗ ಎರಡೂ ಕಡೆ ಹಾಕಬೇಕು: ರೆಕಾರ್ಡರ್‌ನಲ್ಲಿ ಸಮಯ, ಬಾಕ್ಸ್‌ನಲ್ಲಿ ಸಮಯ ಮತ್ತು ಚಾನೆಲ್. ಎರಡು ಗಂಟೆ ಬರೀ ಕಪ್ಪು ಪರದೆ ರೆಕಾರ್ಡ್ ಆಗಿದ್ದರೆ, ಕರೆಂಟ್ ಉಳಿಸಲೆಂದು ಬಾಕ್ಸ್ ತಾನಾಗಿಯೇ ಮಲಗಿರುವ ಸಾಧ್ಯತೆ ಜಾಸ್ತಿ. ಆ ಸೆಟ್ಟಿಂಗ್ ಆಫ್ ಮಾಡಿ. ರೆಕಾರ್ಡರ್‌ನ ಗಡಿಯಾರವೂ ಪ್ರಸಾರದ ಸಿಗ್ನಲ್ ನೋಡಿ ಸಮಯ ಸರಿ ಮಾಡಿಕೊಳ್ಳುತ್ತಿದ್ದ ಮಾದರಿಯಾದರೆ ಈಗ ಕೈಯಾರೆ ಇಡಬೇಕು. ಟೈಮರ್ ತಪ್ಪಲು ಇದೂ ಒಂದು ಕಾರಣ.

ಯಾವ ಮೋಡ್‌ನಲ್ಲಿ ರೆಕಾರ್ಡ್ ಮಾಡಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮುಂದಿನ ಎಲ್ಲ ಕೆಲಸ ಇದರ ಮೇಲೆ ನಿಂತಿದೆ. 4.7 ಜಿಬಿಯ ಒಂದು ಡಿಸ್ಕ್‌ನಲ್ಲಿ ಎಕ್ಸ್‌ಪಿ ಮೋಡ್‌ನಲ್ಲಿ 1 ಗಂಟೆ, ಎಸ್‌ಪಿಯಲ್ಲಿ 2 ಗಂಟೆ, ಎಲ್‌ಪಿಯಲ್ಲಿ 4 ಗಂಟೆ, ಇಪಿಯಲ್ಲಿ 6 ಅಥವಾ 8 ಗಂಟೆ ಹಿಡಿಯುತ್ತದೆ. ಹೊತ್ತು ಜಾಸ್ತಿಯಾದಷ್ಟೂ ಚಿತ್ರ ಕೆಡುತ್ತದೆ. ಎಲ್‌ಪಿಗೆ ಹೋದರೆ ಬಹಳಷ್ಟು ಮಾದರಿಗಳು ಚಿತ್ರದ ಅಡ್ಡಗಲವನ್ನೇ 720 ಚುಕ್ಕಿಯಿಂದ 352ಕ್ಕೆ ಇಳಿಸುತ್ತವೆ. ಯಾರಾದರೂ ಕುಣಿದರೆ, ಓಡಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. 160 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ ಎಸ್‌ಪಿಯಲ್ಲೇ ಸುಮಾರು 68 ಗಂಟೆ ಜಾಗ ಇರುವಾಗ ಇಪಿಗೆ ಹೋಗುವ ಅಗತ್ಯವೇ ಇಲ್ಲ. ಟಿವಿ ಕಾರ್ಯಕ್ರಮಕ್ಕೆ ಎಸ್‌ಪಿ ಸಾಕು. ಮನೆಯ ಕ್ಯಾಸೆಟ್‌ಗೆ ಅದಕ್ಕಿಂತ ಮೇಲಿನದನ್ನೇ ಕೊಡಿ.

ಹಾಗಂತ ಸುಮ್ನೆ ಎಲ್ಲವನ್ನೂ ಎಕ್ಸ್‌ಪಿಯಲ್ಲಿ ಹಾಕಬೇಡಿ. ಹಾರ್ಡ್ ಡಿಸ್ಕ್‌ನಿಂದ ಡಿವಿಡಿಗೆ ಇಳಿಸುವುದು ಎರಡು ರೀತಿ. ಹೈಸ್ಪೀಡ್ ಡಬ್ಬಿಂಗ್‌ನಲ್ಲಿ ಇದ್ದದ್ದು ಇದ್ದ ಹಾಗೇ ಹೋಗುತ್ತದೆ, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಇನ್ನೊಂದರಲ್ಲಿ ಯಂತ್ರ ವಿಡಿಯೊವನ್ನು ಮತ್ತೊಮ್ಮೆ ಒತ್ತಿ ಚಿಕ್ಕದು ಮಾಡುತ್ತದೆ. ಅದಕ್ಕೆ ಪೂರ್ತಿ ವಿಡಿಯೊದಷ್ಟೇ ಹೊತ್ತು ಬೇಕು, ಚಿತ್ರವೂ ಮಂಕಾಗುತ್ತದೆ. 90 ನಿಮಿಷದ ಕ್ಯಾಸೆಟ್ಟನ್ನು ಎಕ್ಸ್‌ಪಿಯಲ್ಲಿ ತೆಗೆದರೆ ಒಂದು ಡಿಸ್ಕ್‌ಗೆ ಹಿಡಿಯದು. ಆಗ ಎರಡು ಡಿಸ್ಕ್ ಮಾಡಬೇಕು, ಇಲ್ಲವೇ 8.5 ಜಿಬಿಯ ಎರಡು ಪದರದ ಡಿಸ್ಕ್ ಹುಡುಕಬೇಕು. ಅದರ ಬದಲು ಎಫ್‌ಆರ್ ಎಂಬ ಆಯ್ಕೆ ಇದ್ದರೆ, 90 ನಿಮಿಷ ಎಂದು ಮೊದಲೇ ಹೇಳಿ. ಒಂದು ಡಿಸ್ಕ್‌ಗೆ ಸರಿಯಾಗಿ ಕೂರುವಷ್ಟು ಗುಣಮಟ್ಟವನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ.

ಸೆಟಪ್ ಮೆನುವಿನಲ್ಲಿ ಇನ್ನೊಂದು ಸಾಲು ಇರಬಹುದು, ‘ಹೈಸ್ಪೀಡ್ ಡಬ್ಬಿಂಗ್‌ಗೆ ಹೊಂದುವಂತೆ ರೆಕಾರ್ಡ್ ಮಾಡು’ ಎಂಬ ಅರ್ಥದ್ದು. ರೆಕಾರ್ಡ್ ಮಾಡುವ ಮೊದಲೇ ಅದನ್ನು ಆನ್ ಮಾಡಿ. ಆಮೇಲೆ ಮಾಡಿದರೆ ಹಿಂದಿನ ರೆಕಾರ್ಡಿಂಗ್‌ಗೆ ಅನ್ವಯವಾಗುವುದಿಲ್ಲ.

ಕ್ಯಾಸೆಟ್‌ನಿಂದ ಇಳಿಸುವಾಗ

ಬಹಳ ವರ್ಷ ಇಟ್ಟಿದ್ದ ಟೇಪನ್ನು ಮೊದಲು ಕೊನೆಯವರೆಗೂ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಅಂಟಿಕೊಂಡ ಪದರಗಳು ಬಿಡುತ್ತವೆ, ಎಳೆತ ಒಂದೇ ಸಮ ಆಗುತ್ತದೆ. ಬೂಷ್ಟು ಕಂಡರೆ ಮಾತ್ರ ವಿಸಿಆರ್‌ಗೆ ಹಾಕಲೇಬೇಡಿ, ಹೆಡ್ ಹಾಳಾಗುತ್ತದೆ. ವಿಸಿಆರ್‌ನ ಟ್ರ್ಯಾಕಿಂಗ್ (ಟೇಪಿಗೆ ತಕ್ಕಂತೆ ಹೆಡ್ ಹೊಂದಿಸಿ ಚಿತ್ರ ಸ್ಪಷ್ಟ ಮಾಡುವ ಸೆಟ್ಟಿಂಗ್) ಸರಿ ಮಾಡಿ, ಕೆಲವು ಸೆಕೆಂಡ್ ಓಡಲು ಬಿಟ್ಟು ಆಮೇಲೆ ರೆಕಾರ್ಡ್ ಒತ್ತಿ.

ನಿಮ್ಮದೇ ಮನೆಯ ಕ್ಯಾಸೆಟ್‌ಗೂ ‘ನಕಲು ನಿರ್ಬಂಧ’ ಎಂಬ ಸಂದೇಶ ಬರಬಹುದು. ಟೇಪ್ ಸವೆದು ಸಿಗ್ನಲ್ ಅಲುಗಾಡುತ್ತಿದ್ದರೆ ರೆಕಾರ್ಡರ್ ಅದನ್ನು ನಕಲು ತಡೆ ಎಂದೇ ತಿಳಿಯುತ್ತದೆ. ಟ್ರ್ಯಾಕಿಂಗ್ ಬದಲಿಸಿ ನೋಡಿ, ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡಿ. ಆಗಲೂ ಆಗದಿದ್ದರೆ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ನಡುವೆ ಇಟ್ಟರೆ ಸಿಗ್ನಲ್ ನೆಟ್ಟಗಾಗುತ್ತದೆ. ಮನೆಯ ಕ್ಯಾಸೆಟ್‌ಗಳು ಬಹಳ ಇದ್ದರೆ ಅದಕ್ಕೆ ಖರ್ಚು ಮಾಡುವುದು ಸರಿ ಎಂದೇ ನನ್ನ ಅನಿಸಿಕೆ.

ಕತ್ತರಿಸುವುದು

ರೆಕಾರ್ಡ್ ಆದ ಮೇಲೆ ಜಾಹೀರಾತು, ಖಾಲಿ ಭಾಗ ತೆಗೆಯಬೇಕಲ್ವಾ? ಎಡಿಟ್ ಮೆನುವಿನಲ್ಲಿ ಶುರು ಮತ್ತು ಕೊನೆ ಗುರುತು ಮಾಡಿ ನಡುವಿನದನ್ನು ಅಳಿಸಬಹುದು. ಅಳಿಸಿದ್ದು ವಾಪಸ್ ಬರುವುದಿಲ್ಲ. ಅಮೂಲ್ಯವಾದ ವಿಡಿಯೊ ಆದರೆ ಮೂಲಕ್ಕೆ ಕೈ ಹಚ್ಚದೆ ಪ್ಲೇಲಿಸ್ಟ್ ಮಾಡಿ. ಬೇಕಾದ ತುಣುಕುಗಳ ಪಟ್ಟಿ ಮಾತ್ರ ತಯಾರಾಗುತ್ತದೆ, ಮೂಲ ಹಾಗೇ ಉಳಿಯುತ್ತದೆ. ಇನ್ನೊಂದು, ಈ ಯಂತ್ರಗಳು ವಿಡಿಯೊವನ್ನು ಸುಮಾರು ಅರ್ಧ ಸೆಕೆಂಡಿನ ಕಟ್ಟುಗಳಾಗಿ ಕೂಡಿಸಿಡುತ್ತವೆ. ಹಾಗಾಗಿ ಹೈಸ್ಪೀಡ್‌ನಲ್ಲಿ ಇಳಿಸುವಾಗ ನೀವು ಕತ್ತರಿಸಿದ ಜಾಗ ಆಚೀಚೆ ಸರಿಯಬಹುದು. ಮಾತು ಶುರುವಾಗುವುದಕ್ಕೆ ಒಂದು ಸೆಕೆಂಡ್ ಮೊದಲೇ ಕತ್ತರಿಸಿ.

ಡಿಸ್ಕ್‌ಗೆ ಇಳಿಸುವುದು

ಶಾಶ್ವತವಾಗಿ ಇಡುವುದಕ್ಕೆ ಒಂದೇ ಸಲ ಬರೆಯುವ ಡಿವಿಡಿ-ಆರ್ ತೆಗೆದುಕೊಳ್ಳಿ. ಆರ್‌ಡಬ್ಲ್ಯು ಡಿಸ್ಕ್ ಸುಮಾರು 1,000 ಸಲ ಬರೆದು ಅಳಿಸಲು ಬರುತ್ತದೆ, ಪ್ರಯೋಗಕ್ಕೆ ಒಳ್ಳೆಯದು. ಡಿವಿಡಿ-ರಾಮ್ ಇನ್ನೂ ಗಟ್ಟಿ, ಆದರೆ ಹೆಚ್ಚಿನ ಪ್ಲೇಯರ್‌ಗಳು ಅದನ್ನು ಓದುವುದೇ ಇಲ್ಲ. ಡಿಸ್ಕ್ ತಯಾರು ಮಾಡುವಾಗ ವಿಡಿಯೊ ಮೋಡ್, ವಿಆರ್ ಮೋಡ್ ಎಂದು ಕೇಳಿದರೆ, ಬೇರೆಯವರಿಗೆ ಕೊಡುವ ಡಿಸ್ಕ್‌ಗೆ ವಿಡಿಯೊ ಮೋಡ್ ಆರಿಸಿ.

ಕೊನೆಗೆ ಫೈನಲೈಸ್, ಅಂದರೆ ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕ್‌ನ ಬರವಣಿಗೆಯನ್ನು ಮುಗಿಸುವುದು. ಇದನ್ನು ಮರೆತರೆ ಡಿಸ್ಕ್ ನಿಮ್ಮ ರೆಕಾರ್ಡರ್‌ನಲ್ಲಿ ಓಡುತ್ತದೆ, ಪಕ್ಕದ ಮನೆಯ ಪ್ಲೇಯರ್‌ನಲ್ಲಿ ‘ಖಾಲಿ ಡಿಸ್ಕ್’ ಎಂದು ತೋರಿಸುತ್ತದೆ. ಫೈನಲೈಸ್ ಆಗಲು ಕೆಲವು ನಿಮಿಷ ಬೇಕು, ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು. ಫೈನಲೈಸ್ ಆದ ಡಿವಿಡಿ-ಆರ್‌ಗೆ ಮತ್ತೆ ಏನೂ ಸೇರಿಸಲಾಗದು. ಹಳೆಯ ಫೈನಲೈಸ್ ಆಗದ ಡಿಸ್ಕ್‌ಗಳು ಮನೆಯಲ್ಲಿದ್ದರೆ ಈಗಲೇ ಹೊರಗೆ ತೆಗೆಯಿರಿ. ಬರೆದ ಯಂತ್ರ ಬದುಕಿರುವಾಗಲೇ ಈ ಕೆಲಸ ಮುಗಿಯಬೇಕು.

ಡಿಸ್ಕ್ ಸಿದ್ಧವಾದ ಮೇಲೆ ಬೇರೊಂದು ಪ್ಲೇಯರ್‌ನಲ್ಲಿ ಕೊನೆಯವರೆಗೂ ಹಾಕಿ ನೋಡಿ. ಆಮೇಲೆ ಕಂಪ್ಯೂಟರ್‌ಗೂ ಒಂದು ಪ್ರತಿ ಮಾಡಿ. ವಿಡಿಯೊ ಮೋಡ್‌ನ ಡಿಸ್ಕ್‌ನಲ್ಲಿ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ನಕಲು ಮಾಡಿದರೆ ಸಾಕು. ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತದೆ. ಇಷ್ಟೆಲ್ಲ ಆದ ಮೇಲೆಯೇ ಹಾರ್ಡ್ ಡಿಸ್ಕ್‌ನಿಂದ ಅಳಿಸಿ.

ಕೈಕೊಟ್ಟಾಗ

ಯಂತ್ರ ಯಾವ ಬಟನ್‌ಗೂ ಓಗೊಡದಿದ್ದರೆ ಪವರ್ ಬಟನ್ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಬಹಳಷ್ಟು ಮಾದರಿಗಳು ಇದಕ್ಕೆ ಆಫ್ ಆಗುತ್ತವೆ. ಆಗದಿದ್ದರೆ ಪ್ಲಗ್ ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ. ರೆಕಾರ್ಡ್ ಆಗುತ್ತಿರುವಾಗ ಮಾತ್ರ ಪ್ಲಗ್ ಮುಟ್ಟಬೇಡಿ, ರೆಕಾರ್ಡಿಂಗ್‌ಗಳ ಪಟ್ಟಿಯೇ ಕೆಡಬಹುದು.

ಡಿಸ್ಕ್ ಓದುತ್ತಿಲ್ಲ, ಬರೆಯುತ್ತಿಲ್ಲ ಅಂದರೆ ಮೊದಲು ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ. ಹಳೆಯ ರೆಕಾರ್ಡರ್‌ಗಳಿಗೆ 16ಎಕ್ಸ್‌ನಂಥ ವೇಗದ ಹೊಸ ಡಿಸ್ಕ್‌ಗಳು ಹಿಡಿಸದೇ ಇರಬಹುದು. ಲೆನ್ಸ್ ಧೂಳಾಗಿದ್ದರೆ ಕ್ಲೀನಿಂಗ್ ಡಿಸ್ಕ್ ಹಾಕಿ ನೋಡಬಹುದು. ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್ ಓಡುತ್ತದೆ, ಬರೆಯುವುದು ಮಾತ್ರ ಆಗದು ಅಂದರೆ ಲೇಸರ್ ಬಲ ಕಳೆದುಕೊಂಡಿರಬಹುದು. ಗಾಬರಿ ಬೇಡ, ಹಾರ್ಡ್ ಡಿಸ್ಕ್‌ನಲ್ಲಿರುವುದು ಹೋಗಿಲ್ಲ. ಲೈನ್ ಔಟ್‌ನಿಂದ ಕಂಪ್ಯೂಟರ್‌ನ ವಿಡಿಯೊ ಕ್ಯಾಪ್ಚರ್ ಸಾಧನಕ್ಕೆ ವೈರ್ ಕೊಟ್ಟು, ಓಡಿಸುತ್ತಾ ಹಿಡಿದುಕೊಳ್ಳಬಹುದು.

ಆನ್ ಆಗುವುದು, ತಾನೇ ಆಫ್ ಆಗುವುದು, ಡಿಸ್ಪ್ಲೇ ಮಿಣುಕುವುದು ಕಂಡರೆ ಪವರ್ ಸಪ್ಲೈಯ ಕೆಪಾಸಿಟರ್‌ಗಳು ಉಬ್ಬಿರಬಹುದು. ಇದು ರಿಪೇರಿಯಾಗುವ ತೊಂದರೆ, ಆದರೆ ನೀವೇ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಹಾರ್ಡ್ ಡಿಸ್ಕ್‌ನ ತೊಂದರೆ. ಟಕ್ ಟಕ್ ಸದ್ದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುವ ಚಿತ್ರ, ಮೆನು ತೆರೆಯಲು ತುಂಬಾ ಹೊತ್ತು. ಇವು ಮುನ್ಸೂಚನೆ. ಕಂಡ ದಿನವೇ ಹೊಸ ರೆಕಾರ್ಡಿಂಗ್ ನಿಲ್ಲಿಸಿ. ಎಡಿಟ್ ಮಾಡಬೇಡಿ, ಏನನ್ನೂ ಅಳಿಸಬೇಡಿ. ಅತಿ ಮುಖ್ಯವಾದ ವಿಡಿಯೊವನ್ನೇ ಮೊದಲು ಇಳಿಸಿ, ಸಾಲಾಗಿ ಮೇಲಿನಿಂದ ಹೋಗಬೇಡಿ. ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. ಹೂಂ ಅಂದರೆ ಪಟ್ಟಿ ಪೂರ್ತಿ ಹೋಗುತ್ತದೆ.

ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ಬಂದುಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಅಷ್ಟು ಸುಲಭ ಅಲ್ಲ. ಬಹಳಷ್ಟು ಕಂಪನಿಗಳು ತಮ್ಮದೇ ವಿಧಾನದಲ್ಲಿ ಫೈಲ್‌ಗಳನ್ನು ಜೋಡಿಸಿಟ್ಟಿರುತ್ತವೆ, ವಿಂಡೋಸ್‌ಗೆ ಅದು ಖಾಲಿ ಡಿಸ್ಕ್‌ನಂತೆ ಕಂಡು ಅದೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಡಿವಿಡಿ ರೆಕಾರ್ಡರ್‌ನ ಡಿಸ್ಕ್ ಓದಿ ಗೊತ್ತಿರುವ ಡೇಟಾ ರಿಕವರಿಯವರ ಕೈಗೇ ಕೊಡಿ. ಹೊಸ ಹಾರ್ಡ್ ಡಿಸ್ಕ್ ಕೂರಿಸುವಾಗಲೂ ಕೆಲವು ಮಾದರಿಗಳಿಗೆ ಸರ್ವಿಸ್ ಮೆನುವಿನಲ್ಲಿ ಒಪ್ಪಿಗೆ ಕೊಡಬೇಕಾಗುತ್ತದೆ.

ರಿಮೋಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಡಿಟ್, ಡಬ್ಬಿಂಗ್, ಫೈನಲೈಸ್ ಇವೆಲ್ಲ ಬಹುಪಾಲು ಯಂತ್ರಗಳಲ್ಲಿ ರಿಮೋಟ್‌ನಿಂದ ಮಾತ್ರ ಸಾಧ್ಯ, ಮುಂಭಾಗದ ಬಟನ್‌ಗಳಿಂದ ಆಗುವುದಿಲ್ಲ. ರಿಮೋಟ್ ಹೋದರೆ ಚೆನ್ನಾಗಿರುವ ಯಂತ್ರವೂ ಅರ್ಧ ಕೆಟ್ಟ ಹಾಗೆ. ಬಳಸದೆ ಇಡುವಾಗ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗೆ ತುಕ್ಕು ಹಿಡಿಯುತ್ತದೆ. ಮೂಲ ರಿಮೋಟ್ ಕೆಲಸ ಮಾಡುತ್ತಿರುವಾಗಲೇ, ಬಟನ್ ಕಲಿಯುವ ಯೂನಿವರ್ಸಲ್ ರಿಮೋಟ್ ಒಂದಕ್ಕೆ ಅದರ ಬಟನ್‌ಗಳನ್ನೆಲ್ಲ ಕಲಿಸಿಡಿ.